ಶೇಖರಮ್ಮನ ಹಳೇ ನೀರು

ಶೇಖರಮ್ಮನ ಮನೆಯಲ್ಲಿ ನೀರಿಗೂ ವಯಸ್ಸಾಗುತ್ತಿತ್ತು. ಭಾಗ್ಯನಗರದ ಅವರ ಓಣಿಗೆ ನಳ ಬರುವುದು ವಾರಕ್ಕೊಮ್ಮೆ; ಅದರ ಮನಸ್ಸು ಸರಿಯಿಲ್ಲದಿದ್ದರೆ ಇನ್ನೂ ತಡ. ಬಂದ ದಿನ ಅದು ಹೊಸ ನೀರು. ಮತ್ತೆ ನಳ ಬರುವ ದಿನ ಬೆಳಗಾಯಿತೋ, ಅದೇ ಕೊಡದಲ್ಲಿ ಮುಚ್ಚಿಕೊಂಡು ಕೂತ ಅದೇ ನೀರು ಹಳೇ ನೀರಾಗಿಬಿಡುತ್ತಿತ್ತು. ಅದರ ಮೇಲೆ ಹೊಸದನ್ನು ಸುರಿಯುವುದುಂಟೇ? ಎಂಜಲು ತಾಟಿನಲ್ಲಿ ಬೀಗರಿಗೆ ಊಟ ಬಡಿಸಿದ ಹಾಗಾದೀತು. ಆದ್ದರಿಂದ ಮೊದಲು ಎಲ್ಲವನ್ನೂ ಚೆಲ್ಲಬೇಕು, ತಾಮ್ರಕ್ಕೆ ಹುಣಸೆಹಣ್ಣು, ಸ್ಟೀಲಿಗೆ ಬೂದಿ ಹಾಕಿ ತಿಕ್ಕಬೇಕು, ಬೋರಲು ಹಾಕಿ ಬಿಸಿಲು ತೋರಿಸಬೇಕು, ಆಮೇಲೆ ತುಂಬಬೇಕು. ಆ ಓಣಿಯ ಹೆಂಗಸರೆಲ್ಲ ಹೆಚ್ಚುಕಡಿಮೆ ಹೀಗೇ ಮಾಡುವವರು. ಆದರೆ ಶೇಖರಮ್ಮ ಮಾಡಿದಷ್ಟು ಶ್ರದ್ಧೆಯಿಂದ ಜನ ದೇವರ ಪೂಜೆಯನ್ನೂ ಮಾಡುವುದಿಲ್ಲ.

ಈ ಹಳೇ ನೀರಿನ ವಾರಸುದಾರಳು ಪಕ್ಕದ ಮನೆಯ ಫಕೀರಮ್ಮ. ಹೊಲದ ಕೂಲಿಗೆ ಹೋಗುವವಳು, ಎರಡು ಆಡು ಸಾಕಿದವಳು, ಬಾಯಿ ಮಾತ್ರ ಜಮೀನ್ದಾರರದು. ನಳದ ದಿನ ಶೇಖರಮ್ಮ ಚೆಲ್ಲಲು ಸೆರಗು ಸಿಕ್ಕಿಸುವಷ್ಟರಲ್ಲಿ ಈಕೆ ಪೈಪು ಹಿಡಿದು ಹಾಜರು. ತನ್ನ ಸಿಮೆಂಟಿನ ತೊಟ್ಟಿಗೆ ಎಷ್ಟು ಹಿಡಿಸುತ್ತದೋ ಅಷ್ಟನ್ನು ಹರಿಸಿಕೊಳ್ಳುತ್ತಿದ್ದಳು.

"ನೀರಿಗೇನು ಹಲ್ಲು ಉದುರ್ತಾವೇನ್ರಿ ಅಕ್ಕಾರ?"

"ನಿಮ್ಮನ್ಯಾಗ ಏನಾರ ಮಾಡ್ಕೋವಾ. ನಮ್ಮನ್ಯಾಗ ಹಳೇ ನೀರು ನಡ್ಯಂಗಿಲ್ಲ," ಎನ್ನುತ್ತಿದ್ದಳು ಶೇಖರಮ್ಮ, ಮೂಗು ಮುರಿದು.

ಇಷ್ಟೇ ಆಗಿದ್ದರೆ ಕತೆ ಇರುತ್ತಿರಲಿಲ್ಲ. ಕತೆ ಹುಟ್ಟಿದ್ದು ಮಗಳು ಶಿವಲೀಲಾಳ ಚೊಚ್ಚಲ ಬಸಿರಿನ ಕುಬುಸದ ದಿನ. ಶಿವಲೀಲಾ ಒಬ್ಬಳೇ ಮಗಳು, ಕೊಟ್ಟಿದ್ದು ಗಂಗಾವತಿಯ ಅಕ್ಕಿ ಗಿರಣಿಯವರ ಮನೆಗೆ. ಆರತಿ ಎತ್ತಿ ಮುಗಿದಿಲ್ಲ, ಅವಳ ಅತ್ತೆ ಪಂಪಮ್ಮ ಹತ್ತು ಮಂದಿಗೆ ಕೇಳುವ ಹಾಗೆ ಅಂದುಬಿಟ್ಟಳು.

"ಬೀಗ್ತೇರ, ಬಾಣಂತನ ನಮ್ಮಲ್ಲೇ ಆಗ್ಲಿ ಬಿಡ್ರಿ. ನಿಮ್ಮಲ್ಲಿ ನೀರಿಂದ ಭಾಳ ತ್ರಾಸು. ನಮ್ಮ ಹಿತ್ತಲದಾಗ ಕಾಲುವಿ ಹರೀತೈತಿ, ಬಾಣಂತಿಗೆ ಹಂಡೆಗಟ್ಟಲೆ ಎರೀಬಹುದು."

ಶೇಖರಮ್ಮನ ಎದೆಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಮದುವೆಯಾದ ಮೇಲೆ ಮಗಳು ಬರುತ್ತಿದ್ದುದು ಹಬ್ಬಕ್ಕೊಮ್ಮೆ, ಬಂದರೂ ಬ್ಯಾಗಿನ ಜಿಪ್ಪು ಪೂರ್ತಿ ಬಿಚ್ಚದೆ ಹೋಗುತ್ತಿದ್ದಳು. ಚೊಚ್ಚಲ ಬಾಣಂತನದ ಮೂರು ತಿಂಗಳಾದರೂ ಮಗಳು ತನ್ನವಳಾಗಿ ಇರುತ್ತಾಳೆ ಎಂದು ಅವಳು ಎಷ್ಟು ಆಸೆ ಇಟ್ಟುಕೊಂಡಿದ್ದಳೋ ದೇವರಿಗೇ ಗೊತ್ತು. ಅದನ್ನು ಒಂದು ಕಾಲುವೆ ಕಸಿದುಕೊಳ್ಳುವುದೇ?

"ಚೊಚ್ಚಲ ಬಾಣಂತನ ತವರಮನಿದು," ಎಂದಳು ಆರತಿ ತಟ್ಟೆ ಹಿಡಿದೇ. "ಒಂದ ದಿನ ನನ್ನ ಮಗಳಿಗೆ ಎರಿಯಾಕ ನೀರು ಕಡಿಮಿ ಬಿತ್ತಂದ್ರ, ಅವತ್ತ ಕರಕೊಂಡು ಹೋಗ್ರಿ. ನಾ ಬ್ಯಾಡ ಅನ್ನಂಗಿಲ್ಲ."

ಆಡಿದ ಮಾತು, ಒಡೆದ ಮುತ್ತು. ಆಡಿಯಾಗಿತ್ತು.

ಮರುದಿನದಿಂದಲೇ ಮನೆಯಲ್ಲಿ ಯುದ್ಧದ ತಯಾರಿ ಶುರುವಾಯಿತು. ಬಾಣಂತಿ ಮನೆಗೆ ಯಾವ ಆಪತ್ತು ಬಂದರೂ, ಗ್ಯಾಸು ನಿಂತರೂ, ಸಂತೆ ನಿಂತರೂ, ನಳ ನಿಂತರೂ ಒಲೆ ಮಾತ್ರ ಆರಬಾರದು. ಓಣಿಯ ಹೆಂಗಸರೆಲ್ಲ ಬಂದು ರೊಟ್ಟಿ ಬಡಿದರು. ಖಡಕ್ ರೊಟ್ಟಿಯ ಒಟ್ಟಣೆ ಬಿಳಿ ಧೋತರದೊಳಗೆ ಅಟ್ಟ ಮುಟ್ಟಿತು. ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಚಟ್ನಿಪುಡಿಗಳು, ಶಾವಿಗೆ, ಹಪ್ಪಳ, ಬಾಣಂತಿಗೆ ಅಂಟಿನ ಉಂಡಿ, ಡಬ್ಬಿಗಟ್ಟಲೆ ಖಾರ. ಜೋಳದ ಚೀಲ ಇಡಲು ಜಾಗ ಸಾಲದೆ ಗಂಡ ದೇವೇಂದ್ರಪ್ಪನ ಮಂಚದ ಕಾಲುಗಳಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿದಳು. ಬಣ್ಣದ ಅಂಗಡಿಯಲ್ಲಿ ದಿನವಿಡೀ ನಿಂತು ಬರುತ್ತಿದ್ದ ಆ ಮನುಷ್ಯ ಮಲಗಬೇಕೆಂದರೆ ಸ್ಟೂಲು ಹಾಕಿಕೊಂಡು ಹತ್ತಬೇಕಾಯಿತು.

"ರಾತ್ರಿ ಬಿದ್ರ ಕೊಪ್ಪಳ ದವಾಖಾನಿಗೆ ಒಯ್ಯಬೇಕಾಗತೈತಿ ನೋಡ," ಎಂದ.

"ಅದಕ್ಕ ಕೆಳಗ ಜೋಳ ಇಟ್ಟೀನಲ್ರಿ, ಮೆತ್ತಗ ಬೀಳ್ತೀರಿ," ಎಂದಳು.

ನೀರಿನ ಸಂಗ್ರಹದ್ದಂತೂ ಕೇಳಬೇಡಿ. ಮಾಡಿನ ಮೇಲಿನ ಸಿಂಟೆಕ್ಸು, ಹಿತ್ತಲಿನ ಹಂಡೆ, ಪಡಸಾಲೆಯ ತುಂಬ ಡ್ರಮ್ಮು, ಹಾಲಿನ ಕ್ಯಾನು, ದೇವೇಂದ್ರಪ್ಪನ ಅಂಗಡಿಯಿಂದ ಬಂದ ಬಣ್ಣದ ಬಕೆಟ್ಟು. ಎಲ್ಲಕ್ಕೂ ಬಿಳಿ ಅರಿವೆ ಬಿಗಿದು ಕಟ್ಟಿದ್ದಳು. ದೇವೇಂದ್ರಪ್ಪ ದೇವರ ಕೋಣೆಗೆ ಹೋಗಲು ಒಂದು ಕಾಲು ಎತ್ತಿ, ಹೊಟ್ಟೆ ಒಳಗೆಳೆದು, ಅಡ್ಡಡ್ಡಲಾಗಿ ನಡೆಯುವುದನ್ನು ಕಲಿತ. ಪ್ರತಿ ನಳಕ್ಕೂ ಇಷ್ಟನ್ನೂ ಚೆಲ್ಲಿ, ತಿಕ್ಕಿ, ಮತ್ತೆ ತುಂಬುವ ಕಾರ್ಯಕ್ರಮ ಮಾತ್ರ ನಿಲ್ಲಲಿಲ್ಲ. ಫಕೀರಮ್ಮನ ತೊಟ್ಟಿ ತುಂಬಿ ತುಳುಕಿತು.

ಬೇಸಿಗೆಯ ಬಿಸಿಲು ಏರಿದ ಹೊತ್ತಿಗೆ ಶಿವಲೀಲಾ ಹೆಣ್ಣು ಹಡೆದಳು. ಕೂಸನ್ನು ಕೈಗೆ ಕೊಟ್ಟಾಗ ಶೇಖರಮ್ಮ ಆಸ್ಪತ್ರೆಯ ವರಾಂಡದಲ್ಲೇ ಒಂದು ಸುತ್ತು ತಿರುಗಿಬಿಟ್ಟಳು. ಮೂಗು ತನ್ನದು, ಹಣೆ ತನ್ನದು, ಅಳು ಮಾತ್ರ ಗಂಗಾವತಿಯದು ಎಂದು ತೀರ್ಪು ಕೊಟ್ಟಳು. ಮನೆಗೆ ಕರೆತಂದಳು. ಐದನೆಯ ದಿನ ಬಾಣಂತಿಗೆ, ಕೂಸಿಗೆ ಶಾಸ್ತ್ರದ ಪ್ರಕಾರ ಎಣ್ಣೆ ಹಚ್ಚಿ ಎರೆಯಬೇಕು. ಅಳಿಯ ಸಿದ್ದೇಶ ಹಿಂದಿನ ಸಂಜೆ ಫೋನು ಮಾಡಿದ: "ಅತ್ತಿ, ನಾಳೆ ಅವ್ವ ಬರ್ತಾಳ್ರಿ, ಎರಿಯೋದು ನೋಡಾಕ."

ಎರೆಯುವುದು ನೋಡಲಿಕ್ಕೋ, ನೀರು ಅಳೆಯಲಿಕ್ಕೋ! ಶೇಖರಮ್ಮ ನೀರು ಬಿಡುವ ಗಾದಿಲಿಂಗಪ್ಪನನ್ನು ಓಣಿಯ ತುದಿಯಲ್ಲಿ ಅಡ್ಡಗಟ್ಟಿದಳು.

"ನಾಳೆ ಮುಂಜಾನೆ ನಿಮ್ಮ ಓಣಿಗೇ ಮೊದಲ ಬಿಡ್ತೀನ್ರಿ ಯಮ್ಮಾ," ಎಂದ ಅವನು.

ಸರಿ, ಇನ್ನೇನು ಬೇಕು? ಮುಂಜಾನೆ ಎದ್ದವಳೇ ಮನೆಯ ಅಷ್ಟೂ ನೀರನ್ನು ಖಾಲಿ ಮಾಡಿದಳು. ಬೀಗತಿಯ ಕಣ್ಣಿಗೆ ಹಳೇ ನೀರು ಬೀಳುವುದೆಂದರೇನು! ಫಕೀರಮ್ಮ ತೊಟ್ಟಿ ತುಂಬಿಸಿಕೊಂಡಳು, ಉಳಿದದ್ದು ಬೇವಿನ ಮರಕ್ಕೆ ಹೋಯಿತು. ತಿಕ್ಕಿದ ಕೊಡಗಳು ಅಂಗಳದಲ್ಲಿ ಸಾಲಾಗಿ ಬೋರಲು ಬಿದ್ದು ಥಳಥಳ ಹೊಳೆದವು. ಶೇಖರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿ ಹಿಗ್ಗಿದಳು.

ಆಗ ನಳ ಒಮ್ಮೆ ಕೆಮ್ಮಿತು. ಗೊರಗೊರ ಎಂದಿತು. ಎರಡು ಹನಿ ಕೆಂಪು ನೀರು ಉಗುಳಿ ಸುಮ್ಮನಾಯಿತು.

ಗಾದಿಲಿಂಗಪ್ಪ ಬೈಕಿನಲ್ಲಿ ಹಾರಿಬಂದ. "ಯಾವುದೋ ಜೆಸಿಬಿ ದೊಡ್ಡ ಪೈಪಿಗೇ ಬಾಯಿ ಹಾಕೈತ್ರಿ ಯಮ್ಮಾ. ರಿಪೇರಿ ಆಗಾಕ ಎರಡ್ಮೂರು ದಿನ ಬೇಕು!"

ಶೇಖರಮ್ಮ ಹೊಳೆಯುವ ಕೊಡಗಳ ನಡುವೆ ಕುಸಿದು ಕುಳಿತಳು. ದೇವರ ಮುಂದಿನ ಚೊಂಬಿನಲ್ಲಿ ತೀರ್ಥಕ್ಕಾಗುವಷ್ಟು ಬಿಟ್ಟರೆ ಮನೆಯಲ್ಲಿ ಹನಿ ನೀರಿಲ್ಲ. ಇಷ್ಟು ತಿಂಗಳ ಜತನವೆಲ್ಲ ಬೇವಿನ ಮರದ ಬುಡದಲ್ಲಿ ಇಂಗುತ್ತಿತ್ತು.

"ಫಕೀರಮ್ಮನ ತೊಟ್ಟ್ಯಾಗ ಐತಲ್ಲ," ಎಂದ ದೇವೇಂದ್ರಪ್ಪ ಮೆಲ್ಲಗೆ.

"ವರ್ಷಗಟ್ಟಲೆ ಮೂಗು ಮುರದು ಕೊಟ್ಟ ನೀರನ್ನ ಯಾವ ಮಾರಿ ಹೊತ್ತು ವಾಪಸ್ ಕೇಳ್ಲಿ? ಅದರಾಗ ಆಡು ಬಾಯಿ ಹಾಕಿರ್ತಾವ. ಆ ನೀರಾಗ ನನ್ನ ಮೊಮ್ಮಗಳಿಗೆ ಎರೀಲೇನು?"

ಅಷ್ಟರಲ್ಲಿ ಓಣಿಯ ತುದಿಯಲ್ಲಿ ಕಾರಿನ ಹಾರ್ನು ಕೇಳಿಸಿತು. ಶೇಖರಮ್ಮನಿಗೆ ಎಲ್ಲಿಂದ ಬುದ್ಧಿ ಬಂತೋ, ಅಥವಾ ಎಲ್ಲಿಗೆ ಹೋಯಿತೋ. ಗಂಡನನ್ನು ಕರೆದು ಕೊಡಗಳನ್ನೆಲ್ಲ ಒಳಗೆ ಸಾಗಿಸಿ, ನೆಟ್ಟಗೆ ನಿಲ್ಲಿಸಿ, ಬಾಯಿಗೆ ಬಿಗಿಯಾಗಿ ಬಿಳಿ ಅರಿವೆ ಕಟ್ಟಿಸಿದಳು. ಡ್ರಮ್ಮುಗಳಿಗೂ ಅಷ್ಟೇ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ಖಾಲಿ ಕೊಡವೂ ತುಳುಕುವುದಿಲ್ಲ, ಆ ಒಂದೇ ಧೈರ್ಯ.

ಪಂಪಮ್ಮ ಒಳಗೆ ಬಂದಳು. ಬಂದವರ ಕಾಲಿಗೆ ನೀರು ಕೊಡಬೇಕು. ದೇವೇಂದ್ರಪ್ಪ ಹೆಂಡತಿಯ ಮುಖ ನೋಡಿದ.

"ಬಿಸಿಲಾಗಿಂದ ಬಂದೀರಿ ಬೀಗ್ತೇರ, ಮೈ ಕಾದೈತಿ. ತಟಕ್ಕನ ಕಾಲಿಗೆ ತಣ್ಣೀರು ಹಾಕ್ಕೊಂಡ್ರ ನೆಗಡಿ ಆಗತೈತಿ," ಎಂದಳು ಶೇಖರಮ್ಮ. ಹೊರಗೆ ನೆಲ ಸುಡುವ ಬಿಸಿಲು.

ಪಂಪಮ್ಮ ವಿಚಿತ್ರವಾಗಿ ನೋಡಿದಳು. ಸಾಲು ಡ್ರಮ್ಮುಗಳನ್ನು ಕಂಡು ಅವಳ ಕಣ್ಣು ಅರಳಿದವು. ಕೂಸನ್ನು ಎತ್ತಿ ಮುದ್ದಾಡಿ ಕೂತಳು. ಚಹಾ ಮಾಡಲು ನೀರಿಲ್ಲ. ಬಂದವರ ಬಾಯಿಗೆ ಏನೂ ಹಾಕದೆ ಇರುವುದು ಆ ಸೀಮೆಯಲ್ಲಿಲ್ಲ. ಶೇಖರಮ್ಮ ಅಟ್ಟದ ಖಡಕ್ ರೊಟ್ಟಿ ಇಳಿಸಿ, ಮೇಲೆ ಶೇಂಗಾ ಹಿಂಡಿ ಗುಡ್ಡೆ ಹಾಕಿ ಮುಂದಿಟ್ಟಳು. ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿರಲಿಲ್ಲ.

ಎರಡನೆಯ ತುತ್ತಿಗೆ ಪಂಪಮ್ಮನಿಗೆ ಬಿಕ್ಕಳಿಕೆ ಹತ್ತಿತು.

"ನೀರು... ಹಿಕ್... ನೀರು ಕೊಡ್ರಿ."

"ಸಕ್ಕರಿ ತಿನ್ರಿ, ನಿಲ್ತೈತಿ."

"ಹಿಕ್!"

"ಉಸಿರು ಹಿಡೀರಿ. ಮ್ಯಾಲ ನೋಡ್ರಿ. ಯಾರೋ ನೆನಸಾಕತ್ತಾರ ಅನಸ್ತೈತಿ!"

ಪಂಪಮ್ಮ ತಡೆಯಲಾರದೆ ಎದ್ದು, ಪಕ್ಕದಲ್ಲೇ ಇದ್ದ ಡ್ರಮ್ಮಿನ ಅರಿವೆ ಬಿಚ್ಚಿ ಚೊಂಬು ಅದ್ದಿದಳು. ಚೊಂಬು ತಳಕ್ಕೆ ಬಡಿದು ಢಣ್ ಎಂದಿತು. ಇನ್ನೊಂದು ಬಿಚ್ಚಿದಳು. ಢಣ್. ಹಾಲಿನ ಕ್ಯಾನು, ಬಣ್ಣದ ಬಕೆಟ್ಟು, ತಾಮ್ರದ ಕೊಡ. ಒಳಗಿನ ಕೋಣೆಯಿಂದ ಶಿವಲೀಲಾ, "ಯವ್ವಾ, ಯಾರು ಗಂಟಿ ಬಾರಸಾಕತ್ತಾರ?" ಎಂದು ಕೂಗಿದಳು.

ಶೇಖರಮ್ಮನಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು ಅತ್ತುಬಿಟ್ಟಳು. "ಎಲ್ಲಾ ತುಂಬಿತ್ರಿ ಬೀಗ್ತೇರ. ನಿಮ್ಮ ಕಣ್ಣಿಗೆ ಹೊಸಾ ನೀರು ತೋರಸಬೇಕಂತ ನಾನ ಕೈಯಾರೆ ಚೆಲ್ಲಿದೆ. ನಳ ಬರಲಿಲ್ಲ. ನಾ ಮಾತು ಕೊಟ್ಟಿದ್ದೆ. ಕರಕೊಂಡು ಹೋಗ್ರಿ ನನ್ನ ಮಗಳನ್ನ, ಕೂಸನ್ನ."

ಪಂಪಮ್ಮ ಚೊಂಬು ಕೆಳಗಿಟ್ಟಳು.

"ಎಲ್ಲಿಗೆ... ಹಿಕ್... ಕರಕೊಂಡು ಹೋಗ್ಲಿ?" ಎಂದಳು. "ಬೀಗ್ರ, ನಮ್ಮ ಕಾರಿನ... ಹಿಕ್... ಡಿಕ್ಕಿ ತೆಗೀರಿ."

ದೇವೇಂದ್ರಪ್ಪ ಹೋಗಿ ಡಿಕ್ಕಿ ತೆಗೆದ. ಒಳಗೆ ಒಂದರ ಮೇಲೊಂದು ಪ್ಲಾಸ್ಟಿಕ್ ಕ್ಯಾನುಗಳು, ಅಂಗಡಿಯ ಚೀಟಿ ಕೂಡ ಕಿತ್ತಿರದ ಹೊಚ್ಚಹೊಸವು. ಎಲ್ಲವೂ ಖಾಲಿ. ಎರಡನ್ನು ತಂದು ಪಡಸಾಲೆಯಲ್ಲಿಟ್ಟ.

"ಕಾಲುವಿ ಬಂದ್ ಆಗೈತಿ, ಬೋರಿನ ಮೋಟರ್ ಸುಟ್ಟೈತಿ," ಎಂದಳು ಪಂಪಮ್ಮ ತಲೆ ತಗ್ಗಿಸಿ. "ಹುಟ್ಟಿದಾಗಿಂದ ನೀರಿನ ದಂಡಿ ಮ್ಯಾಲ ಇದ್ದಾಕಿ ನಾನು. ಮನ್ಯಾಗ ಒಂದು ಡ್ರಮ್ಮ ಸುದ್ದಾ ಇಲ್ಲ, ತುಂಬಿಡೋದು ಗೊತ್ತಿಲ್ಲ. ಬೀಗ್ತಿ ಮನ್ಯಾಗ ಸಮುದ್ರನ ಐತಿ ಅಂತ ಸಿದ್ದೇಶ ಹೇಳಿದ. ನಾಕು ಕ್ಯಾನು ಬೇಡ್ಕೊಂಡು ಹೋಗೂಣು ಅಂತ... ಹಿಕ್... ಬಂದೆ."

ಇಬ್ಬರು ಬೀಗತಿಯರು ಖಾಲಿ ಡ್ರಮ್ಮು ನೋಡಿದರು, ಖಾಲಿ ಕ್ಯಾನು ನೋಡಿದರು, ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ಯಾರು ನಕ್ಕರೋ ತಿಳಿಯದು. ಶೇಖರಮ್ಮ ಕಣ್ಣೀರು ಒರೆಸಿಕೊಳ್ಳದೆಯೇ ನಕ್ಕಳು. ಪಂಪಮ್ಮ ನಗುವಿನ ನಡುವೆ ಬಿಕ್ಕಳಿಸಿ, ಬಿಕ್ಕಳಿಕೆಯ ನಡುವೆ ನಕ್ಕು, ಗೋಡೆ ಹಿಡಿದು ಕೂತಳು.

ಗದ್ದಲ ಕೇಳಿ ಫಕೀರಮ್ಮ ಬಂದಳು. ಯಾರೂ ಕರೆದಿರಲಿಲ್ಲ, ಆದರೂ ಸೊಂಟದ ಮೇಲೆ ತುಂಬಿದ ಕೊಡ ಇತ್ತು.

"ಕೇಳ್ತೀರಂತ ಮುಂಜಾನಿಂದ ಹಾದಿ ಕಾದೆ ಅಕ್ಕಾರ. ಕೇಳಲಿಲ್ಲ, ಅದಕ್ಕ ನಾನ ತಂದೆ. ಆಡಿನ ಬಕೆಟ್ಟು ಬ್ಯಾರೆ ಐತಿ, ನಿಮ್ಮ ನೀರು ಮುಚ್ಚಿ ಇಟ್ಟೀನಿ. ಪೂರಾ ತೊಟ್ಟಿ ಐತಿ."

ಪಂಪಮ್ಮ ಗಟಗಟ ಕುಡಿದಳು. ಬಿಕ್ಕಳಿಕೆ ನಿಂತಿತು. "ಎಷ್ಟು ಸಿಹಿ ಐತ್ರಿ ನಿಮ್ಮೂರ ನೀರು!" ಎಂದಳು. ಫಕೀರಮ್ಮ ಶೇಖರಮ್ಮನ ಕಡೆ ನೋಡಿ ಹುಬ್ಬು ಹಾರಿಸಿದಳು. ಶೇಖರಮ್ಮ ಎದ್ದು ಹೋಗಿ ಅವಳ ಎರಡೂ ಕೈ ಹಿಡಿದುಕೊಂಡಳು.

ಅವತ್ತು ಹಂಡೆ ಕಾಯಿತು. ಬಾಣಂತಿಗೆ ಒಬ್ಬ ಬೀಗತಿ ಎರೆದಳು, ಕೂಸಿಗೆ ಇನ್ನೊಬ್ಬಳು. ಫಕೀರಮ್ಮ ಕೊಡದ ಮೇಲೆ ಕೊಡ ತಂದು ಸುರಿದಳು. ಕೂಸು ಗಂಗಾವತಿಗೆ ಕೇಳುವ ಹಾಗೆ ಅತ್ತಿತು. ಶಿವಲೀಲಾ ಲೋಬಾನದ ಹೊಗೆಯೊಳಗೆ ಬೆಚ್ಚಗೆ ಹೊದ್ದು ಮಲಗಿ, "ಅತ್ತಿ, ನಾ ಇಲ್ಲೇ ಇರ್ತೀನಲ್ರಿ?" ಎಂದಳು.

"ನೀನೂ ಇರ್ತಿ, ನಾನೂ ಇರ್ತೀನಿ," ಎಂದಳು ಪಂಪಮ್ಮ ಮಗ್ಗುಲಲ್ಲೇ ಚಾಪೆ ಹಾಸುತ್ತ. "ಕಾಲುವಿ ಬಿಡೋತನಕ."

ಯಾವ ಆಪತ್ತು ಬಂದರೂ ಎಂದು ಎಲ್ಲ ಕೂಡಿಟ್ಟಿದ್ದ ಶೇಖರಮ್ಮ, ಬೀಗತಿಯೇ ಬಂದು ಉಳಿಯುವ ಆಪತ್ತನ್ನು ಮಾತ್ರ ಎಣಿಸಿರಲಿಲ್ಲ. ರೊಟ್ಟಿಯ ಒಟ್ಟಣೆ ದಿನದಿನಕ್ಕೆ ಇಳಿಯಿತು. ಮಾತು ಏರಿತು. ದೇವೇಂದ್ರಪ್ಪ ಜೋಳದ ಚೀಲ ಖಾಲಿಯಾದದ್ದಕ್ಕೆ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟು ಮಂಚದ ಇಟ್ಟಿಗೆ ತೆಗೆದುಹಾಕಿದ.

ಆದರೆ ಅದೆಲ್ಲ ಆಮೇಲಿನ ಮಾತು. ಮೂರನೆಯ ದಿನ ಪೈಪು ರಿಪೇರಿಯಾಗಿ ಸಂಜೆ ಹೊತ್ತು ನಳ ಬಂತು. ಶೇಖರಮ್ಮ ಸೆರಗು ಸಿಕ್ಕಿಸಿ, ಫಕೀರಮ್ಮ ತಂದಿಟ್ಟಿದ್ದ ಕೊಡದ ಕೊರಳು ಹಿಡಿದು ಬಗ್ಗಿಸಿದಳು, ಹಳೇ ಚಾಳಿ.

"ಚೆಲ್ಲಬ್ಯಾಡ್ರಿ!"

ಬಚ್ಚಲಿನಿಂದ ಪಂಪಮ್ಮ, ಗೋಡೆಯಾಚೆಯಿಂದ ಫಕೀರಮ್ಮ, ಇಬ್ಬರೂ ಒಟ್ಟಿಗೇ ಚೀರಿದ್ದಕ್ಕೆ ಕೂಸು ಬೆಚ್ಚಿ ಎದ್ದು ರಾಗ ತೆಗೆಯಿತು. ಶೇಖರಮ್ಮ ಕೊಡವನ್ನು ಹಾಗೇ ನೆಟ್ಟಗೆ ಇಟ್ಟು, ಅದರ ಮಗ್ಗುಲಿಗೆ ಹೊಸ ನೀರಿನದನ್ನು ತುಂಬಿಟ್ಟಳು.

"ಕೂಸಿಗೆ ಎರಿಯಾಕ ಯಾವುದು ಕಾಸ್ಲಿ ಬೀಗ್ತೇರ, ಹೊಸಾದೋ ಹಳೇದೋ?" ಎಂದು ಪಂಪಮ್ಮ ಬೇಕೆಂದೇ ಜೋರಾಗಿ ಕೇಳಿದಳು.

ಶೇಖರಮ್ಮ ಗೋಡೆಯಾಚೆಗೂ ಕೇಳುವ ಹಾಗೆ ಹೇಳಿದಳು: "ಹಳೇದು ಮೊದಲ ಕಾಸ್ರಿ. ನನ್ನ ಮೊಮ್ಮಗಳಿಗೆ ಅದ ರೂಢಿ ಆಗೈತಿ."