ತಲೆಯಾಡಿಸಿದ ದುಭಾಷಿ

ಒಗೆದ ಬಟ್ಟೆಯ ಗಾಡಿಯನ್ನು ಲಿಫ್ಟಿನಿಂದ ಅರ್ಧ ಹೊರಗೆ ಎಳೆದಿದ್ದನೋ ಇಲ್ಲವೋ, ದಪ್ಪ ನರ್ಸಮ್ಮ ಬಂದು ಅವನ ತೋಳು ಹಿಡಿದಳು. ಬಿಡಿಸಿಕೊಳ್ಳಲು ಅವಕಾಶವಿಲ್ಲದ ಹಿಡಿತ. ಲಿಫ್ಟಿನ ಬಾಗಿಲು ಗಾಡಿಯನ್ನು ಎರಡು ಸಲ ಕಚ್ಚಿ, ಸೋತು ಬಿಟ್ಟಿತು. ಅಷ್ಟರಲ್ಲಿ ವಾರ್ಡಿನ ಕೊನೆಯ ಹಾಸಿಗೆಯ ಮುಂದೆ ಕಂಡಕ್ಟರ ನಿಂತಾಗಿತ್ತು. ನರ್ಸಮ್ಮ ಹಾಸಿಗೆಯಲ್ಲಿದ್ದ ಮುದುಕಿಯ ಮುಖ ತೋರಿಸಿದಳು, ಅವನ ಮುಖ ತೋರಿಸಿದಳು, ಆಮೇಲೆ ಎರಡು ಬೆರಳು ಜೋಡಿಸಿ ಹುಬ್ಬು ಹಾರಿಸಿದಳು. ಬಣ್ಣ ಒಂದೇ ಅಂದಮೇಲೆ ಮಾತೂ ಒಂದೇ ಇರಬೇಕು ಎಂಬುದು ಅವಳ ತರ್ಕ.

ಅವನನ್ನು ಈ ದೇಶದಲ್ಲಿ ಯಾರೂ ಕಂಡಕ್ಟರ ಎನ್ನುತ್ತಿರಲಿಲ್ಲ. ನಿಜ ಹೇಳಬೇಕೆಂದರೆ ಏನೂ ಎನ್ನುತ್ತಿರಲಿಲ್ಲ. ಕೈಸನ್ನೆ ಮಾಡಿದರೆ ಬರುತ್ತಿದ್ದ, ಅಷ್ಟು ಸಾಕಾಗಿತ್ತು. ಆದರೆ ಊರಲ್ಲಿ ಅವನು ಕಟ್ಟಿಕೊಂಡ ಹೆಂಡತಿಗೂ ಕಂಡಕ್ಟರನೇ. ಖಾಸಗಿ ಬಸ್ಸಿನ ಫುಟ್‌ಬೋರ್ಡಿನ ಮೇಲೆ ಅರ್ಧ ಆಯುಸ್ಸು ಕಳೆದವನು. ಉಸಿರಾಡಲು ಜಾಗವಿಲ್ಲದ ಬಸ್ಸಿಗೆ "ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಮದುವೆ ಮಾಡೋಷ್ಟು ಜಾಗ ಇದೆ" ಎಂದು ಇನ್ನೂ ಒಂದು ಸಂಸಾರವನ್ನು ತುಂಬಿಸುತ್ತಿದ್ದ. ಸಾಹುಕಾರರು ಬಸ್ಸು ಮಾರಿ ಕಲ್ಯಾಣಮಂಟಪ ಕಟ್ಟಿಸಿದ ಮೇಲೆ, ಬಾಮೈದನ ಬೆನ್ನು ಹಿಡಿದು ಇಲ್ಲಿಗೆ ಬಂದ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ನಡುವೆ ಕೆಲಸ. ಆ ಗದ್ದಲದಲ್ಲಿ ಈ ದೇಶದವರೇ ಪರಸ್ಪರ ಮಾತಾಡುತ್ತಿರಲಿಲ್ಲ. ಇನ್ನು ಪರದೇಶಿಯ ಪಾಡೇನು.

ಬಾಮೈದನೂ ಅವನೂ ಒಂದೇ ಕೋಣೆಯಲ್ಲಿದ್ದರು ಎನ್ನುವುದು ಬಾಡಿಗೆಯ ಮಟ್ಟಿಗೆ ನಿಜ. ಬಾಮೈದ ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ರಾತ್ರಿ ಪಾಳಿ, ಇವನು ಹಗಲು ಪಾಳಿ. ಒಬ್ಬ ಬರುವಾಗ ಇನ್ನೊಬ್ಬ ಚಪ್ಪಲಿ ಮೆಟ್ಟುತ್ತಿದ್ದ. ಪಾತ್ರೆಯಲ್ಲಿ ಸಾರು ಕಮ್ಮಿಯಾಗಿದ್ದರೆ ಬಾಮೈದ ಚೆನ್ನಾಗಿದ್ದಾನೆ, ಹಾಗೇ ಇದ್ದರೆ ಮೈಯಲ್ಲಿ ಹುಷಾರಿಲ್ಲ. ಕುಶಲೋಪರಿ ಅಷ್ಟಕ್ಕೇ ಮುಗಿಯುತ್ತಿತ್ತು. ಹೆಂಡತಿಗೆ ಫೋನು ಮಾಡಿದರೆ ಮಾತು ಕುದುರುವ ಹೊತ್ತಿಗೆ ಸರಿಯಾಗಿ ಅಲ್ಲಿ ಹಾಲು ಉಕ್ಕುತ್ತಿತ್ತು. ಇಷ್ಟೊಂದು ಹಾಲು ಉಕ್ಕುವ ಮನೆಯಲ್ಲಿ ಒಂದು ಹಸುವೂ ಇಲ್ಲವಲ್ಲ ಎಂದು ಅವನು ಆಗಾಗ ಯೋಚಿಸುತ್ತಿದ್ದ.

ಮುದುಕಿಗೆ ಏನಾಗಿದೆ ಎಂದು ನರ್ಸಮ್ಮನೇ ತೋರಿಸಿದಳು. ಬಸ್ಸಿನ ಸ್ಟಿಯರಿಂಗ್ ತಿರುಗಿಸಿದಳು, ಮೆಟ್ಟಿಲು ಇಳಿದಳು, ಕಾಲು ಜಾರಿ ಪಕ್ಕದ ಖಾಲಿ ಹಾಸಿಗೆಯ ಮೇಲೆ ದೊಪ್ಪೆಂದು ಬಿದ್ದಳು. ಎದ್ದು ಸೊಂಟ ತಟ್ಟಿ, ಎರಡು ಮುಷ್ಟಿ ಸೇರಿಸಿ ಕಡ್ಡಿ ಮುರಿದಂತೆ ಮಾಡಿದಳು. ಅಷ್ಟು ದಪ್ಪ ಹೆಂಗಸು ಅಷ್ಟು ಸೊಗಸಾಗಿ ಬೀಳಬಲ್ಲಳೆಂದು ಕಂಡಕ್ಟರ ಎಣಿಸಿರಲಿಲ್ಲ.

"ಯಾವೂರಜ್ಜಿ?" ಎಂದ.

ಮುದುಕಿ ಕಣ್ಣು ತೆರೆದಳು. ಅವನು ಬಸ್ ಸ್ಟ್ಯಾಂಡಿನಲ್ಲಿ ಕಲಿತ ಅಕ್ಕಪಕ್ಕದ ಸೀಮೆಯ ಭಾಷೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿದ. ಎಲ್ಲದಕ್ಕೂ ಅವಳದು ಒಂದೇ ಉತ್ತರ: ಅವನ ಅಂಗಿಯ ತುದಿ ಹಿಡಿದು, ತಡೆಯಿಲ್ಲದೆ, ತನ್ನದೇ ಯಾವುದೋ ಮಾತಿನಲ್ಲಿ ಉದ್ದಕ್ಕೆ ಹೇಳುತ್ತಾ ಹೋದಳು. ಅದರಲ್ಲಿ ಒಂದಕ್ಷರವೂ ಅವನಿಗೆ ದಕ್ಕಲಿಲ್ಲ. ನರ್ಸಮ್ಮ ಏನೋ ಕೇಳಿದಳು. ಅವನು ತಲೆಯಾಡಿಸಿದ.

ನಮ್ಮ ಕಡೆ ಹಾಗೆ ತಲೆಯಾಡಿಸಿದರೆ ನೋಡೋಣ ಎಂದಾಗುತ್ತದೆ, ಆಗಲಿ ಎಂದಾಗುತ್ತದೆ, ನನಗೇನು ಗೊತ್ತು ಎಂದೂ ಆಗುತ್ತದೆ. ಯಾವುದು ಎಂಬುದು ಎದುರಿಗಿರುವವರ ಹಣೆಬರಹ. ನರ್ಸಮ್ಮನ ದೇಶದಲ್ಲಿ ತಲೆಗೆ ಅಷ್ಟು ಕೆಲಸ ಇರಲಿಲ್ಲ. ಅವಳು ಹೌದು ಎಂದು ತಿಳಿದು, ನಿಡುಸುಯ್ದು, ಅವನಿಗೊಂದು ಸ್ಟೂಲು ತಂದು ಹಾಕಿದಳು.

ಇಲ್ಲ ಎಂದು ಆಗಲೇ ಹೇಳಬಹುದಿತ್ತು. ಆದರೆ ಈ ದೇಶಕ್ಕೆ ಬಂದಮೇಲೆ ಅವನಿಗೆ ಯಾರೂ ಸ್ಟೂಲು ಹಾಕಿರಲಿಲ್ಲ. ಕೂತ. ಕೂತಮೇಲೆ ಮಾತು ಬಂತು.

ಅಂದಿನಿಂದ ಮಧ್ಯಾಹ್ನದ ಊಟದ ಹೊತ್ತು ಅವನ ವಾಸ ಕೊನೆಯ ಹಾಸಿಗೆಯ ಪಕ್ಕ. ನರ್ಸಮ್ಮ ನೆಲಮಾಳಿಗೆಯ ಮೇಸ್ತ್ರಿಗೆ ಹೇಳಿ ಅರ್ಧ ಗಂಟೆ ಹೆಚ್ಚಿಗೆ ಕೊಡಿಸಿದಳು. ಮುದುಕಿ ಮೊದಲು ತನ್ನದನ್ನು ಹೇಳುತ್ತಿದ್ದಳು: ಕಿಟಕಿಯ ಕಡೆ ಕೈ ತೋರಿಸಿ, ಎದೆ ಮುಟ್ಟಿಕೊಂಡು, ಮತ್ತೆ ಕಿಟಕಿ ತೋರಿಸಿ. "ಹೌದಾ? ಆಮೇಲೆ?" ಎನ್ನುತ್ತಿದ್ದ ಕಂಡಕ್ಟರ. ಅವಳು ದಣಿದು ನಿಲ್ಲಿಸಿದ ಕೂಡಲೇ ಅವನ ಬಸ್ಸು ಹೊರಡುತ್ತಿತ್ತು. ಮಿಲ್ಲಿನ ಗೇಟು, ಹಳೇ ಸೇತುವೆ, ಎರಡನೇ ಮೈಲಿಯ ಹುಣಸೇಮರ. ಅಲ್ಲಿ ಕೋಳಿ ಬುಟ್ಟಿ ಹಿಡಿದು ಹತ್ತುವವಳು, ಕೋಳಿಗೂ ಟಿಕೆಟ್ ಯಾಕೆ, ಅದೇನು ಸೀಟಿನಲ್ಲಿ ಕೂರುತ್ತದೆಯೇ ಎಂದು ಪ್ರತಿ ಸೋಮವಾರ ಜಗಳ ತೆಗೆಯುತ್ತಿದ್ದದ್ದು. ಗುಡ್ಡದ ದಾರಿ ಬಂದಾಗ ಕೈಯನ್ನು ಹಾವಿನಂತೆ ಆಡಿಸಿ ತಿರುವು ತೋರಿಸುತ್ತಿದ್ದ; ಒಂದು ತಿರುವಿನಲ್ಲಿ ಮೈಯನ್ನೂ ವಾಲಿಸಿ ಸ್ಟೂಲಿನಿಂದ ಬೀಳುವುದರಲ್ಲಿದ್ದ. ಮುದುಕಿ ಅವನ ಕೈಯನ್ನೇ ನೋಡುತ್ತಿದ್ದಳು. ಒಮ್ಮೊಮ್ಮೆ ಅವಳ ಮುಖದಲ್ಲಿ ಏನೋ ಬಂದು ಹೋಗುತ್ತಿತ್ತು, ನಗುವಿನ ಹತ್ತಿರದ್ದು.

ಅವನು ಕೆಳಗಿಳಿದು ಹೋದಾಗ ಯಂತ್ರಗಳು ಅಷ್ಟು ಸದ್ದು ಮಾಡುತ್ತಿವೆ ಎನಿಸುತ್ತಿರಲಿಲ್ಲ. ಗಂಟಲು ನೋಯುತ್ತಿತ್ತು. ಹಿತವಾದ ನೋವು.

ಹೆಂಡತಿಗೆ ಹೇಳಿದ. ಅವತ್ತು ಹಾಲು ಉಕ್ಕಲಿಲ್ಲ.

"ಅವರ ಮಾತು ನಿಮಗೆ ಅರ್ಥ ಆಗುತ್ತಾ?"

"ಇಲ್ಲ."

"ನಿಮ್ಮದು ಅವರಿಗೆ?"

"ಎಲ್ಲಿಂದ ಆಗುತ್ತೆ?"

"ಮತ್ತೆ ದಿನಾ ಕೂತ್ಕೊಂಡು ಏನು ಮಾತಾಡ್ತೀರಿ?"

"ಮಾತಾಡೋಕೆ ಅರ್ಥ ಯಾಕೇ ಬೇಕು? ನಾವಿಬ್ಬರೂ ಇಷ್ಟು ವರ್ಷ ಸಂಸಾರ ಮಾಡಿಲ್ವಾ?"

ಅವಳು ನಕ್ಕಳು. ಆಮೇಲೆ, "ಅಲ್ಲಾರೀ, ಆ ಅಜ್ಜಿಗೆ ಏನು ಬೇಕೋ ಏನೋ. ನೀವು ಕೇಳಿಸ್ಕೊಳ್ತಾ ಇದ್ದೀರ ಅಂತ ಬೇರೆ ಯಾರೂ ಕೇಳೋಕೆ ಬರೋದಿಲ್ಲ ಅಲ್ವಾ?" ಎಂದಳು.

"ನಿನ್ನ ಹಾಲು ನೋಡು, ಉಕ್ತಾ ಇರಬಹುದು" ಎಂದ ಕಂಡಕ್ಟರ.

ಮರುದಿನ ಸ್ಟೂಲಿನ ಪಕ್ಕದಲ್ಲಿ ಡಾಕ್ಟರು ನಿಂತಿದ್ದರು. ಎತ್ತರದ, ಕಣ್ಣಿನ ಕೆಳಗೆ ಕಪ್ಪು ಕಟ್ಟಿದ ಹೆಂಗಸು. ಮುದುಕಿಯ ಸೊಂಟದ ಚಿತ್ರವನ್ನು ಬೆಳಕಿಗೆ ಹಿಡಿದು, ಎಲುಬು ಎಲ್ಲಿ ಬಿಟ್ಟುಕೊಂಡಿದೆ ಎಂದು ಕಂಡಕ್ಟರನಿಗೆ ತೋರಿಸಿದರು. ಅಂಗೈಯ ಅಂಚಿನಿಂದ ತೊಡೆಯ ಮೇಲೆ ಕುಯ್ದಂತೆ ಗೆರೆ ಎಳೆದರು. ಜೇಬಿನಿಂದ ಪೆನ್ನು ತೆಗೆದು, ಇಂಥದೊಂದು ಸಲಾಕೆ ಒಳಗಿಡುತ್ತೇವೆ ಎನ್ನುವಂತೆ ಆಡಿಸಿದರು. ಆಮೇಲೆ ಅವನ ಕಡೆ ತಿರುಗಿ ಕಾದರು. ಹೇಳು ಇವಳಿಗೆ. ಕೇಳು, ಒಪ್ಪಿಗೆಯೇ ಎಂದು.

ಮುದುಕಿ ಡಾಕ್ಟರ ಕೈಯನ್ನು ನೋಡಿದ್ದಳು. ಆ ಗೆರೆಯನ್ನೂ ನೋಡಿದ್ದಳು. ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಈಗ ಅವಳೂ ಕಂಡಕ್ಟರನನ್ನೇ ನೋಡುತ್ತಿದ್ದಳು.

"ಅಜ್ಜಿ, ಸೊಂಟ ಮುರಿದಿದೆಯಂತೆ" ಎಂದು ಶುರುಮಾಡಿದ. ಧ್ವನಿ ಗಟ್ಟಿಯಾಗಿಯೇ ಬಂತು, ಆದರೆ ಎಲ್ಲಿಗೂ ತಲುಪಲಿಲ್ಲ. ಡಾಕ್ಟರು ಏನೋ ಕೇಳಿದರು. ನರ್ಸಮ್ಮ ಕೇಳಿದಳು. ಮೂವರ ಕಣ್ಣೂ ಅವನ ತಲೆಯ ಮೇಲೆ.

ಒಂದು ಸಲ ಆಡಿಸಿದರೆ ಸಾಕು. ಇವಳನ್ನು ಕರೆದೊಯ್ಯುತ್ತಾರೆ, ಕುಯ್ಯುತ್ತಾರೆ, ಒಳ್ಳೆಯದಕ್ಕೇ. ವಾಪಸು ತರುತ್ತಾರೆ, ಅವನ ಸ್ಟೂಲು ಅಲ್ಲೇ ಇರುತ್ತದೆ. ಕತ್ತು ತನ್ನಷ್ಟಕ್ಕೆ ತಾನು ಸಡಿಲವಾಗುತ್ತಿರುವುದು ಅವನಿಗೇ ಗೊತ್ತಾಯಿತು. ಯಾಕೆ, ಯಾರು, ಎಲ್ಲಿಗೆ ಎಂದು ತಿಳಿಯದೆ ಚಕ್ರದ ಮಂಚದ ಮೇಲೆ ಹೋಗುವವಳು ಮಾತ್ರ ಅವಳು. ಅವನು ಗದ್ದವನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡ. ನೋಡಿದವರಿಗೆ ಹಲ್ಲುನೋವಿನ ಹಾಗೆ ಕಾಣುತ್ತಿತ್ತು. ಈ ದೇಶದ ಭಾಷೆಯಲ್ಲಿ ಅವನಿಗೆ ತಪ್ಪಿಲ್ಲದೆ ಬರುತ್ತಿದ್ದ ಮಾತೊಂದಿತ್ತು, ನನಗೆ ಗೊತ್ತಿಲ್ಲ ಎಂಬುದು. ಅದನ್ನು ಹೇಳಿದ. ಮುದುಕಿಯ ಬಾಯಿ ತೋರಿಸಿ, ತನ್ನ ಕಿವಿ ತೋರಿಸಿ, ಬರಿಗೈ ಚಾಚಿ ಮತ್ತೆ ಅದನ್ನೇ ಹೇಳಿದ.

ಡಾಕ್ಟರು ನರ್ಸಮ್ಮನನ್ನು ನೋಡಿದರು. ನರ್ಸಮ್ಮ ಅವನನ್ನು ನೋಡಿದಳು. ಆಮೇಲೆ ಅವಳು ಹೇಳಿದ್ದನ್ನು ತಿಳಿಯಲು ಅವನಿಗೆ ಯಾರ ಸಹಾಯವೂ ಬೇಕಾಗಲಿಲ್ಲ. ಬೈಗುಳಕ್ಕೆ ಯಾವ ದೇಶದಲ್ಲೂ ದುಭಾಷಿ ಬೇಕಿಲ್ಲ. ಸ್ಟೂಲನ್ನು ಕಾಲಿನಿಂದ ಮಂಚದ ಕೆಳಗೆ ನೂಕಿ ಬಾಗಿಲು ತೋರಿಸಿದಳು.

ಸಂಜೆ ಪಾಳಿ ಬಿಡುವ ಮುಂಚೆ, ಒಗೆದ ಬಟ್ಟೆ ಕೊಡುವ ನೆಪದಲ್ಲಿ ಅವನು ಮತ್ತೆ ಹೋದ. ಮುದುಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಊಟದ ತಟ್ಟೆ ಮುಟ್ಟಿರಲಿಲ್ಲ. ಅವನು ಫೋನು ತೆಗೆದು, ರೆಕಾರ್ಡಿಗೆ ಹಾಕಿ, ಅವಳ ಬಾಯಿಯ ಹತ್ತಿರ ಹಿಡಿದ.

"ಮಾತಾಡಿ ಅಜ್ಜಿ."

ಅವಳು ತಿರುಗಲಿಲ್ಲ. ಅವನಿಗೆ ಇನ್ನೂ ನಾಲ್ಕು ಮಾತು ಸೇರಿಸುವ ಚಪಲವಾಯಿತು, ತುಟಿ ಕಚ್ಚಿಕೊಂಡ. ಜನ್ಮದಲ್ಲೇ ಮೊದಲ ಸಲ ಎದುರಿನವರು ಮಾತಾಡಲಿ ಎಂದು ಬಾಯಿ ಮುಚ್ಚಿ ನಿಂತ. ಪಕ್ಕದ ಹಾಸಿಗೆಯಾಕೆ ಕೆಮ್ಮಿದಳು. ಹೊರಗೆ ಯಾರದೋ ಚಕ್ರದ ಕುರ್ಚಿ ಕಿರುಗುಟ್ಟುತ್ತಾ ಹೋಯಿತು. ಎಷ್ಟೋ ಹೊತ್ತಾದ ಮೇಲೆ ಮುದುಕಿ, ಗೋಡೆಗೆ ಹೇಳುವಂತೆ, ಮೆಲ್ಲಗೆ ಶುರುಮಾಡಿದಳು.

ಅವನು ಕೋಣೆಗೆ ಮರಳುವ ಹೊತ್ತಿಗೆ ಬಾಮೈದ ಕೆಲಸಕ್ಕೆ ಹೊರಟು ಮೆಟ್ಟಿಲಿಳಿಯುತ್ತಿದ್ದ. ಕಂಡಕ್ಟರ ದಾರಿಗೆ ಅಡ್ಡ ನಿಂತು ಫೋನನ್ನು ಅವನ ಕೈಗಿಟ್ಟ.

"ಇದನ್ನು ನಿಮ್ಮ ಅಡುಗೆಮನೇಲಿ ಎಲ್ಲರಿಗೂ ಕೇಳಿಸ್ಬೇಕು ಕಣೋ."

"ಏನಿದು ಭಾವ, ಹಾಡಾ?"

"ಅಲ್ಲ. ಒಬ್ಬರು ಅಜ್ಜಿ. ಅವರ ಮಾತು ಯಾವುದು ಅಂತ ಗೊತ್ತಿಲ್ಲ. ನಿಮ್ಮಲ್ಲಿ ಹದಿನೆಂಟು ದೇಶದ ಜನ ಇದ್ದಾರೆ ಅಂತ ಕೊಚ್ಚಿಕೊಳ್ತಿದ್ದೆಯಲ್ಲ?"

"ಇದ್ದಾರೆ. ಆದರೆ ಒಬ್ಬೊಬ್ಬರನ್ನೂ ಹಿಡಿದು ಇದು ನಿಮ್ಮದಾ, ಇದು ನಿಮ್ಮದಾ ಅಂತ ಕೇಳ್ತಾ ಕೂತ್ರೆ ಹೆಡ್ ಕುಕ್ ನನ್ನನ್ನೇ ಹೆಚ್ಚಿ ಹಾಕ್ತಾನೆ."

"ಕೇಳೋದು ಬೇಡ. ಜೋರಾಗಿ ಹಾಕಿ ಪಕ್ಕದಲ್ಲಿಡು. ಕೈಲಿರೋ ಕೆಲಸ ಬಿಟ್ಟು ಯಾರು ತಿರುಗಿ ನೋಡ್ತಾರೋ ಅವರದೇ."

ಬಾಮೈದ ಭಾವನ ಮುಖ ನೋಡಿದ. ತಿಂಗಳುಗಳ ಮೇಲೆ ಸರಿಯಾಗಿ ನೋಡಿದ ಮುಖ. ಕೆನ್ನೆ ಒಳಗೆ ಹೋಗಿತ್ತು. "ಊಟ ಮಾಡ್ತಾ ಇದ್ದೀರಾ ಭಾವ?" ಎಂದ.

"ಸಾರಿನ ಪಾತ್ರೆ ನೋಡಿದ್ರೆ ಗೊತ್ತಾಗಲ್ವಾ? ಹೋಗು, ಹೊತ್ತಾಯ್ತು."

ಬೆಳಗ್ಗೆ ಬಾಗಿಲಲ್ಲೇ ಬಾಮೈದ ಹೇಳಿದ: ಪಾತ್ರೆ ತೊಳೆಯುವವಳೊಬ್ಬಳಿದ್ದಾಳೆ, ಇಷ್ಟು ದಿನ ಒಬ್ಬರ ಜೊತೆಯೂ ತುಟಿ ಬಿಚ್ಚಿದ್ದಿಲ್ಲ. ಎಲ್ಲರೂ ತಮ್ಮ ಪಾಡಿಗೆ ತಾವಿದ್ದರು, ಅವಳು ಮಾತ್ರ ನಲ್ಲಿ ನಿಲ್ಲಿಸುವುದನ್ನೂ ಮರೆತು ಬಂದಳು. ನೀರು ತುಂಬಿ ನೆಲಕ್ಕೆಲ್ಲ ಹರಿಯಿತು. "ಮತ್ತೆ ಹಾಕು, ಮತ್ತೆ ಹಾಕು ಅಂತಾಳೆ ಭಾವ. ನಿದ್ದೆನೂ ಮಾಡದೆ ನನ್ನ ಜೊತೆಗೇ ಬಂದುಬಿಟ್ಟಿದ್ದಾಳೆ. ಕೆಳಗೆ ನಿಂತಿದ್ದಾಳೆ."

ಮೂವರೂ ಆಸ್ಪತ್ರೆಗೆ ಹೋದರು. ಮಂಚದ ಕೆಳಗಿನಿಂದ ಸ್ಟೂಲು ಹೊರಬಂತು. ಅದರ ಮೇಲೆ ಪಾತ್ರೆ ತೊಳೆಯುವವಳು ಕೂತಳು. ಅವಳು ಎರಡು ಮಾತಾಡಿದ್ದೇ ತಡ, ಮುದುಕಿ ತಲೆಯೆತ್ತಿದಳು. ಆಮೇಲೆ ಇಬ್ಬರೂ ಒಟ್ಟಿಗೇ ಮಾತಾಡಿದರು, ಒಟ್ಟಿಗೇ ಅತ್ತರು. ಕಂಡಕ್ಟರ ಕಾಲಿನ ಕಡೆ ಕಂಬಿ ಹಿಡಿದು ನಿಂತಿದ್ದ, ಫುಟ್‌ಬೋರ್ಡಿನಲ್ಲಿ ನಿಂತ ಹಾಗೆ. ಪಾತ್ರೆ ತೊಳೆಯುವವಳು ಈ ದೇಶದ ಹರಕು ಮುರುಕು ಮಾತಿನಲ್ಲಿ ಬಾಮೈದನಿಗೆ ಹೇಳಿದಳು, ಬಾಮೈದ ಅವನಿಗೆ ಹೇಳಿದ.

"ಮಗಳಿದ್ದಾಳಂತೆ ಭಾವ, ಬೇರೆ ಊರಲ್ಲಿ. ಅಜ್ಜಿ ಅಲ್ಲಿಗೇ ಹೊರಟಿದ್ದಳಂತೆ. ಅವಳಿಗೆ ತಿಳಿಸಿ, ಹುಡುಕ್ತಾ ಇರ್ತಾಳೆ, ತಿಳಿಸಿ ಅಂತ ನಿಮಗೆ ಹೇಳ್ತಾನೇ ಇದ್ದಳಂತೆ."

"ಯಾವಾಗಿಂದ?"

"ಮೊದಲ ದಿನದಿಂದ."

ಕಂಡಕ್ಟರ ಕಂಬಿಯ ಮೇಲಿನ ಬಣ್ಣ ಎದ್ದ ಜಾಗವನ್ನು ಉಗುರಿನಿಂದ ಕೆರೆದ. ಮುದುಕಿ ಅವನನ್ನೇ ನೋಡುತ್ತಾ ಏನೋ ಅಂದಳು. ಅದು ಸ್ಟೂಲಿನವಳನ್ನು ದಾಟಿ, ಬಾಮೈದನನ್ನು ದಾಟಿ ಬಂತು.

"ಅಷ್ಟು ದಿನ ನೀವೇನು ಹೇಳ್ತಾ ಇದ್ರಿ ಅಂತ ಕೇಳ್ತಾಳೆ."

"ಏನಿಲ್ಲ ಅನ್ನು. ಬಸ್ಸಿನ ದಾರಿ ಅನ್ನು."

ಅದು ಬಂದ ದಾರಿಯಲ್ಲೇ ವಾಪಸು ಹೋಯಿತು. ಮುದುಕಿ ಹೊದಿಕೆಯಿಂದ ಕೈ ಹೊರತೆಗೆದು, ಗಾಳಿಯಲ್ಲಿ ಹಾವಿನಂತೆ ಆಡಿಸಿ ಒಂದು ಮಾತು ಹೇಳಿದಳು.

"ಆ ದಾರೀಲಿ ತಿರುವು ಬಹಳ ಅಲ್ವಾ ಅಂತಾಳೆ ಭಾವ" ಎಂದ ಬಾಮೈದ.

"ಹೌದು" ಎಂದ ಕಂಡಕ್ಟರ. "ಹೌದು ಅನ್ನು."

ಮಗಳು ಆ ರಾತ್ರಿಯೇ ಬಂದಳಂತೆ. ಮರುದಿನ ಅವನು ಗಾಡಿ ತಳ್ಳಿಕೊಂಡು ಹೋದಾಗ ಮುದುಕಿಯನ್ನು ಆಪರೇಷನ್ನಿಗೆಂದು ಚಕ್ರದ ಮಂಚಕ್ಕೆ ಎತ್ತಿಕೊಳ್ಳುತ್ತಿದ್ದರು. ಒಂದು ಪಕ್ಕ ಮಗಳು, ಇನ್ನೊಂದು ಪಕ್ಕ ಪಾತ್ರೆ ತೊಳೆಯುವವಳು. ಮೂವರದೂ ಒಂದೇ ಸಮ ಮಾತು. ಮುದುಕಿ ಯಾವುದಕ್ಕೋ ಮಗಳನ್ನು ಗದರುತ್ತಿದ್ದಳು. ಹೆದರಿದವಳ ಹಾಗೆ ಕಾಣಲಿಲ್ಲ. ಅವನ ಪಕ್ಕಕ್ಕೆ ಬಂದಾಗ ಕೈ ಚಾಚಿ, ಅವನ ಮಣಿಕಟ್ಟು ಹಿಡಿದು, ನಿಧಾನವಾಗಿ, ಉದ್ದಕ್ಕೆ ಏನೋ ಹೇಳಿದಳು. ಪಾತ್ರೆ ತೊಳೆಯುವವಳು ಅದನ್ನು ದಾಟಿಸಲು ಅತ್ತ ಇತ್ತ ನೋಡಿದಳು. ಬಾಮೈದ ಕೋಣೆಯಲ್ಲಿ ನಿದ್ದೆ ಹೊಡೆಯುತ್ತಿದ್ದ.

"ಆಗಲಿ ಅಜ್ಜಿ, ಹೋಗಿ ಬನ್ನಿ" ಎಂದ ಕಂಡಕ್ಟರ.

ಅವರು ಹೋದರು. ನರ್ಸಮ್ಮ ಕೊನೆಯ ಹಾಸಿಗೆಯನ್ನು ತೋರಿಸಿ, ಬದಲಾಯಿಸು ಎಂದು ಬೆರಳು ತಿರುಗಿಸಿದಳು. ಸಿಟ್ಟಿನಿಂದೇನೂ ಅಲ್ಲ. ಅವನು ಹೊದಿಕೆ ಮಡಚಿದ, ದಿಂಬಿನ ಚೀಲ ಕಳಚಿದ, ಕೆಳಗಿನ ಬಟ್ಟೆಯನ್ನು ನಾಲ್ಕು ಮೂಲೆಯಿಂದ ಎಳೆದು ಗಾಡಿಗೆ ಹಾಕಿದ. ಬರೀ ಗಾದಿ ಉಳಿಯಿತು. ನಡುವೆ, ಒಂದು ಮಗು ಮಲಗಿ ಎದ್ದಷ್ಟು ಸಣ್ಣ ತಗ್ಗು. ಕಂಡಕ್ಟರ ಹೊಸ ಬಟ್ಟೆಯನ್ನು ತೋಳಿನ ಮೇಲೆ ಹಾಕಿಕೊಂಡು ನಿಂತ. ತಗ್ಗು ಕಾಣದಷ್ಟು ಮೆಲ್ಲಗೆ ಮೇಲೇಳುತ್ತಿತ್ತು, ಅಂಚಿನಿಂದ ನಡುವಿಗೆ. ಅದು ಪೂರ್ತಿ ಸಮವಾಗುವವರೆಗೂ ಅವನು ಬಟ್ಟೆ ಹಾಸಲಿಲ್ಲ.