ರೊಕುಮಾ ಮೂಲಂಗಿ ಹೊಲಕ್ಕೆ ಬಿದ್ದ ದಿನ

ರೊಕುಮಾ ಸೋಲಲೇಬೇಕು ಎಂದು ಹಟ ಹಿಡಿದವಳು ನಾಗಿಸಾ ಮಿನೊಬೆ. ಕೂಡದು ಎಂದು ಕಾಲು ಕೆರೆದುಕೊಂಡು ಬಂದವನು ಆಟಿಕೆ ಕಂಪನಿಯ ಕಾಜಿತಾನಿ.

ಹಾರುವ ಚಹಾಗಿಂಡಿಯನ್ನೇರಿ ಲೋಕ ಸುತ್ತುವ ಪೋರ ರೊಕುಮಾನ ಕಾರ್ಟೂನು ಭಾನುವಾರ ಬೆಳಗ್ಗೆ ಬರುತ್ತದೆ. ನಾಗಿಸಾ ಹುಟ್ಟುವ ಮೊದಲಿಂದಲೂ ಬರುತ್ತಿದೆ. ಅಷ್ಟು ವರ್ಷಗಳಲ್ಲಿ ಅವನು ಒಮ್ಮೆಯೂ ಸೋತಿಲ್ಲ. ಸೋಲುವ ಹೊತ್ತು ಬಂದರೆ ಅವನಿಗೆ ಜ್ವರ ಬರುತ್ತದೆ. ಇಲ್ಲವೇ ಎದುರಾಳಿ ಹಿಸಾಗಿ ಮೋಸ ಮಾಡಿರುತ್ತಾನೆ. ಅದೂ ಆಗದಿದ್ದರೆ ಎಲ್ಲವೂ ಕನಸು. ಶಾಲೆಯ ಓಟದಲ್ಲಿ ಕೊನೆಯವಳಾಗಿ ಬಂದ ದಿನ ಪುಟ್ಟ ನಾಗಿಸಾ ತನಗೆ ಜ್ವರವಿದೆಯೇ ಎಂದು ಹಣೆ ಮುಟ್ಟಿ ನೋಡಿಕೊಂಡಿದ್ದಳು. ಇರಲಿಲ್ಲ. ಹಾಗಾದರೆ ಈ ಭೂಮಿಯ ಮೇಲೆ ನಿಜವಾಗಿ ಸೋತವಳು ತಾನೊಬ್ಬಳೇ ಎಂದುಕೊಂಡು ಅಂಗಳದ ಕಂಬ ತಬ್ಬಿ ಅತ್ತಿದ್ದಳು. ಮಕ್ಕಳಿಗೆ ಹೀಗೆ ಸುಳ್ಳು ಉಣಿಸಿ ಆಟಿಕೆ ಗಿಂಡಿ ಮಾರುವವರ ಮೇಲೆ ಅವಳಿಗಿದ್ದ ಸಿಟ್ಟು ಅಂದಿನದು. ಇಂದು ಅವಳೇ ಒಂದು ಕಂತಿನ ನಿರ್ದೇಶಕಿ. ಮೊದಲ ಕಂತು. ಕೆಟ್ಟರೆ ಮತ್ತೆ ಮೂಲೆಯ ಮೇಜಿಗೆ, ಬೇರೆಯವರು ಬಿಡಿಸಿದ ಮುಖಕ್ಕೆ ಮಿಟುಕುವ ರೆಪ್ಪೆ ಬಿಡಿಸುವ ಕೂಲಿಗೆ.

ಧ್ವನಿ ಮುದ್ರಿಸುವ ಕೋಣೆಗೆ ಕಾಜಿತಾನಿ ನುಗ್ಗಿದಾಗ ಕಲಾವಿದರು ಗಂಟಲು ಸರಿಮಾಡಿಕೊಳ್ಳುತ್ತಿದ್ದರು.

"ಮಿನೊಬೆ-ಸಾನ್, ಅವನು ಹೇಗ್ರೀ ಸೋಲ್ತಾನೆ? ಹೊಸ ಗಿಂಡಿ ಅಂಗಡೀಗೆ ಬರೋ ವಾರಾನೇ?"

"ಗಿಂಡಿ ಚೆನ್ನಾಗೇ ಹಾರುತ್ತೆ. ಹಿಸಾಗಿ ಇನ್ನೂ ಚೆನ್ನಾಗಿ ಹಾರಿಸ್ತಾನೆ, ಅಷ್ಟೇ."

"ಒಂಚೂರು ಜ್ವರ ಹಾಕಿ."

"ಹೋದ ವರ್ಷ ಬಂದಿತ್ತು."

"ಹೊಟ್ಟೆನೋವು?"

"ಏನ್ ತಿಂದು? ನಿಮ್ಮ ಕಂಪನಿ ಬಿಸ್ಕತ್ತಾ?"

ಕಲಾವಿದರಿದ್ದ ಗಾಜಿನಾಚೆ ಯಾರೋ ಕಿಸಕ್ಕೆಂದರು. ಕಾಜಿತಾನಿಯ ಕಿವಿ ಕೆಂಪಾಯಿತು. "ನಾನಿಲ್ಲೇ ಕೂತಿರ್ತೀನಿ. ಸೋಲೋ ಮಾತು ನನ್ನ ಕಿವಿಗೆ ಬಿತ್ತೋ, ಮುಂದಿನ ವಾರದಿಂದ ನಿಮಗೆ ಕಂತಿಲ್ಲ," ಎಂದು ಕುರ್ಚಿ ಎಳೆದುಕೊಂಡ.

ಪರದೆ ಬೆಳಗಿತು. ಅದರಲ್ಲಿ ಚಿತ್ರವಿರಲಿಲ್ಲ. ಇರುವುದೂ ಇಲ್ಲ. ಚಿತ್ರ ಬಿಡಿಸುವವರಿಗೆ ಅರೆಹೊಟ್ಟೆಯ ಕೂಲಿ ಕೊಟ್ಟು ಆಕಾಶದಷ್ಟು ಕೆಲಸ ಹೇರುವ ಈ ಊರಿನಲ್ಲಿ ಧ್ವನಿಯ ದಿನಕ್ಕೆ ಚಿತ್ರ ಮುಗಿದದ್ದನ್ನು ಕಂಡವರಿಲ್ಲ. ಬಿಳಿ ಹಾಳೆಯ ಮೇಲೆ ಬಣ್ಣದ ಗೆರೆ ಓಡುತ್ತದೆ. ಕೆಂಪು ಗೆರೆ ಬಂದರೆ ರೊಕುಮಾ ಮಾತಾಡಬೇಕು, ನೀಲಿ ಬಂದರೆ ಹಿಸಾಗಿ. ಗೆರೆ ಮುಗಿದರೆ ಬಾಯಿ ಮುಚ್ಚಬೇಕು. ಆ ಗೆರೆಗಳನ್ನೇ ನೋಡುತ್ತ ಇವರು ಅಳುತ್ತಾರೆ, ಬೆಟ್ಟದಿಂದ ಉರುಳುತ್ತಾರೆ, ಡ್ರ್ಯಾಗನ್ನಿನ ಬಾಯಿಗೆ ಬೀಳುತ್ತಾರೆ.

ರೊಕುಮಾನಿಗೆ ಧ್ವನಿಯಾದವಳು ತ್ಸುರುಕೊ ಮೊಮೊಸೆ. ಮೊಮ್ಮಕ್ಕಳಿದ್ದ ಆ ಅಜ್ಜಿ ಮೈಕಿನ ಮುಂದೆ ನಿಂತರೆ ಮಂಡಿ ತರಚಿದ ಹುಡುಗನೇ ಆಗಿಬಿಡುತ್ತಿದ್ದಳು. ಪಕ್ಕದಲ್ಲಿ ಹಿಸಾಗಿಯ ಧ್ವನಿ ಒರಿಹಾರಾ, ಗಂಟಲಲ್ಲಿ ಕಬ್ಬಿಣವಿದ್ದ ಯುವಕ.

"ಮೊಮೊಸೆಯಕ್ಕಾ, ಕೊನೇ ಕೆಂಪು ಗೆರೆಗೆ ಒಂದೇ ಮಾತು. 'ಸೋತೆ.' ಮೆಲ್ಲಗೆ ಹೇಳಿ," ಎಂದಳು ನಾಗಿಸಾ, ಕಾಜಿತಾನಿಯತ್ತ ನೋಡದೆ.

"ಗೊತ್ತು ಕಣೇ ಹುಡುಗಿ. ಮನೇಲಿ ಬೆಕ್ಕಿಗೆಲ್ಲಾ ಹೇಳಿ ಅಭ್ಯಾಸ ಮಾಡ್ಕೊಂಡ್ ಬಂದಿದೀನಿ."

ಗೆರೆಗಳು ಓಡಿದವು. ಬಿಳಿ ಹಾಳೆಯ ಮೇಲೆ ಬರೀ ದನಿಯಲ್ಲೇ ಗಿಂಡಿ ಹಾರಿತು, ಹಿಸಾಗಿ ಏರಿದ ಅನ್ನದ ಪಾತ್ರೆ ಅದನ್ನು ಹಿಂದೆ ಹಾಕಿತು, ಗಿಂಡಿ ಗಿರಗಿರನೆ ಸುತ್ತಿ ಧೊಪ್ಪನೆ ಬಿತ್ತು. ಮೌನ. ಮುಕ್ತಾಯದ ಹಾಡಿಗೆ ಮುಂಚಿನ ಕೊನೆಯ ಕೆಂಪು ಗೆರೆ ಬಂತು. ಇಷ್ಟು ವರ್ಷವೂ ಆ ಜಾಗದಲ್ಲಿ, ಆ ಗೆರೆಗೆ, ಆ ಅಜ್ಜಿ ಹೇಳಿದ್ದು ಒಂದೇ ಮಾತು. ಬಾಯಿ ತನ್ನಷ್ಟಕ್ಕೆ ತೆರೆಯಿತು.

"ಆಕಾಶ ನಂದೇ ಕಣ್ರೋ!"

ಗಾಜು ಝಣಗುಟ್ಟಿತು. ಮೊಮೊಸೆ ಬಾಯಿ ಮುಚ್ಚಿಕೊಂಡಳು. ಆಮೇಲೆ, ಅದೇ ಹುಡುಗನ ದನಿಯಲ್ಲೇ, "ಅಯ್ಯೋ! ಹಾಳಾದ ಅಭ್ಯಾಸ!" ಎಂದಳು. ತಡೆದು ತಡೆದು ಸಾಕಾದ ಒರಿಹಾರಾ ಹೊಟ್ಟೆ ಹಿಡಿದುಕೊಂಡು ಗೊಳ್ಳೆಂದ. ಕಬ್ಬಿಣವೆಲ್ಲ ಕರಗಿ ನೀರಾಗಿತ್ತು.

ಕಾಜಿತಾನಿ ಎದ್ದು ನಿಂತು ಚಪ್ಪಾಳೆ ತಟ್ಟಿದ. "ಇದೇ! ಗೆದ್ದ ನಮ್ಮ ಹುಡುಗ! ಇನ್ನು ಇದನ್ನ ತಿರುಗಿ ಮಾಡೋ ಹಾಗಿಲ್ಲ. ಒಂದೇ ಒಂದು ಶಬ್ದಾನೂ ಮುಟ್ಬಾರ್ದು. ಎಲ್ರೂ ಕೇಳಿಸ್ಕೊಂಡ್ರಾ?"

ಎಲ್ಲರೂ ಕೇಳಿಸಿಕೊಂಡರು. ಅವನು ಬಾಗಿ ನಮಸ್ಕರಿಸಿ, ಮುಂದಿನ ಸಭೆಗೆ ಹೊರಟೇ ಹೋದ.

ಮೊಮೊಸೆ ಬಂದು, ತನ್ನ ಬುತ್ತಿಯ ಅನ್ನದುಂಡೆಯನ್ನು ನಾಗಿಸಾಳ ಕೈಯಲ್ಲಿಟ್ಟು ತಲೆ ತಗ್ಗಿಸಿದಳು. "ತಪ್ಪಾಯ್ತು ಮಗಾ. ಇಷ್ಟು ವರ್ಷ ಗೆಲ್ಸಿ ಗೆಲ್ಸಿ ನನ್ನ ಬಾಯಿ ಹಾಳ್ಮಾಡಿಟ್ಟಿದಾರೆ. ಸೋಲೋಕೆ ಬಿಟ್ರೂ ಬರಲ್ಲ ನೋಡು."

"ಒಂದ್ಸಲ ಹಾಕಿ ಕೇಳೋಣ," ಎಂದಳು ನಾಗಿಸಾ, ಸತ್ತ ದನಿಯಲ್ಲಿ.

ಹಾಕಿದರು. ಗಿಂಡಿ ಬಿತ್ತು. ಮೌನ. ಗೆಲುವಿನ ಕೂಗು. ಅಯ್ಯೋ, ಹಾಳಾದ ಅಭ್ಯಾಸ. ಎದುರಾಳಿಯ ನಗು.

ನಾಗಿಸಾಳ ಬಾಯಲ್ಲಿದ್ದ ಅನ್ನ ಅಲ್ಲೇ ನಿಂತಿತು. "ಇನ್ನೊಂದ್ಸಲ ಹಾಕಿ." ಮತ್ತೆ ಹಾಕಿದರು. ಅವಳು ಮೊಮೊಸೆಯ ತೋಳು ಹಿಡಿದುಕೊಂಡಳು.

"ಅಕ್ಕಾ, ಒಂದು ಶಬ್ದಾನೂ ಮುಟ್ಬಾರ್ದು ಅಂದ್ರಲ್ವಾ ಅವರು?"

"ಅಂದ್ರು."

"ಚಿತ್ರ ಮುಟ್ಬಾರ್ದು ಅಂದ್ರಾ?"

"ಚಿತ್ರ ಎಲ್ಲಿದೆಯೇ, ಮುಟ್ಟೋಕೆ!" ಎಂದ ಅಜ್ಜಿಗೆ, ಹಾಗೆಂದ ಮೇಲೆ ಅರ್ಥವಾಯಿತು. "ಎಲಾ ಕಳ್ಳೀ!" ಎಂದು ಅವಳ ಬೆನ್ನಿಗೆ ಗುದ್ದಿದ ರಭಸಕ್ಕೆ ಅನ್ನದ ಅಗುಳು ಒರಿಹಾರಾನ ಕನ್ನಡಕಕ್ಕೆ ಅಂಟಿತು.

ರೊಕುಮಾನ ಸೋಲನ್ನು ಬಿಡಿಸಬೇಕೆಂಬ ಸುದ್ದಿ ಚಿತ್ರದ ಕೋಣೆಗೆ ಮುಟ್ಟಿದ್ದೇ ತಡ, ಬೆನ್ನು ಬಗ್ಗಿ ಕೂತಿದ್ದವರೆಲ್ಲ ಜಾತ್ರೆಗೆ ಹೊರಟವರಂತಾದರು. ಕಲಾಶಾಲೆಯ ಪರೀಕ್ಷೆಯಲ್ಲಿ ಬಿದ್ದವರು, ಮನೆಯವರಿಂದ ಬೈಸಿಕೊಂಡವರು, ಬಾಡಿಗೆ ಕೋಣೆಯಿಂದ ಎಬ್ಬಿಸಿಕೊಂಡವರು. ಸೋಲನ್ನು ಅರೆದು ಕುಡಿದವರ ಕೈಯಿಂದಲೇ ಇಷ್ಟು ವರ್ಷ ಬರೀ ಗೆಲುವು ಬರೆಸಿದ್ದರು! "ನಾನು ಬಿಡಿಸ್ತೀನಿ," "ತೆಗಿ ನಿನ್ ಕೈ, ನಾನು ನಿಂಗಿಂತ ಜಾಸ್ತಿ ಸೋತಿದೀನಿ," ಎಂದು ಪೆನ್ಸಿಲಿಗಾಗಿ ಜಗಳ. ಬಿದ್ದ ಜಾಗ ಯಾವುದಿರಬೇಕು ಎಂದು ಚರ್ಚೆಯಾಗಿ, ಕಿಟಕಿಯಾಚೆ ಕಾಣುವ ನೆರಿಮಾ ಬಡಾವಣೆಯ ಮೂಲಂಗಿ ಹೊಲವೇ ಆಯಿತು.

ಎಂದಿನಂತೆ ಚಿತ್ರ ಕೊನೆಯ ಗಳಿಗೆಗೆ ಟೀವಿಯವರ ಕೈ ಸೇರಿತು. ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಆ ಪುರುಸೊತ್ತಿಲ್ಲದ ವ್ಯವಸ್ಥೆಯನ್ನು ಕಟ್ಟಿದವರು ಅವರೇ; ಅನುಭವಿಸಲಿ.

ಭಾನುವಾರ ಬೆಳಗ್ಗೆ ಎಲ್ಲರೂ ಚಿತ್ರದ ಕೋಣೆಯಲ್ಲೇ ನೆಲಕ್ಕೆ ಕೂತು ನೋಡಿದರು. ಹಿಸಾಗಿ ಗುರಿ ಮುಟ್ಟಿದ. ಜ್ವರವಿಲ್ಲ, ಮೋಸವಿಲ್ಲ, ಕನಸಲ್ಲ. ರೊಕುಮಾ ಮೂಲಂಗಿ ಹೊಲದಲ್ಲಿ ಅಂಗಾತ ಬಿದ್ದಿದ್ದ. ಗಿಂಡಿಯ ಮೂತಿ ಸೊಟ್ಟಗಾಗಿತ್ತು. ತಲೆಯ ಮೇಲೊಂದು ಮೂಲಂಗಿ ಸೊಪ್ಪು. ಅವನು ಮುಷ್ಟಿ ಎತ್ತಿ ಕೂಗಿದ: "ಆಕಾಶ ನಂದೇ ಕಣ್ರೋ!" ಆಕಾಶದಲ್ಲಿ ಹಿಸಾಗಿಯ ಪಾತ್ರೆ ನಿಧಾನಕ್ಕೆ ಹಾದುಹೋಯಿತು. ರೊಕುಮಾ ಅದನ್ನು ನೋಡಿದ. ಮುಷ್ಟಿ ಮೆಲ್ಲಗೆ ಇಳಿಯಿತು. "ಅಯ್ಯೋ! ಹಾಳಾದ ಅಭ್ಯಾಸ!" ಎಂದೂ ನಗದ ಹಿಸಾಗಿ ಪಾತ್ರೆಯ ಅಂಚಿನಿಂದ ಬೀಳುವಷ್ಟು ನಕ್ಕ, ಬಿದ್ದೂಬಿಟ್ಟ, ಗೆದ್ದವನೂ ಸೋತವನೂ ಒಂದೇ ಹೊಲದಲ್ಲಿ.

ಮುಕ್ತಾಯದ ಹಾಡು ಮುಗಿದು ಕಾಲು ಗಂಟೆಯಾಗಿರಲಿಲ್ಲ, ಫೋನು ಬಡಿದುಕೊಂಡಿತು.

"ಮಿನೊಬೆ! ಸೋಲಿಸ್ಬಿಟ್ರಲ್ರೀ!"

"ನೀವು ಹೇಳಿದ್ ಹಾಗೇ ಮಾಡಿದೀನಿ. ಒಂದು ಶಬ್ದಾನೂ ಮುಟ್ಟಿಲ್ಲ."

"ಮಕ್ಕಳು ಅಳ್ತಿರ್ತಾರೆ ಈಗ! ಗೊತ್ತಾ ನಿಮಗೆ?"

ಅಷ್ಟರಲ್ಲಿ ಹೊರಗೇನೋ ಗದ್ದಲ. ನಾಗಿಸಾ ಕಿಟಕಿ ತೆರೆದಳು. ಕೆಳಗಿನ ಉದ್ಯಾನದ ಜಾರುಬಂಡೆಯಿಂದ ಮಕ್ಕಳು ಒಬ್ಬರ ಮೇಲೊಬ್ಬರು ಮರಳಿಗೆ ಬೀಳುತ್ತಿದ್ದರು. ಬೇಕೆಂದೇ ಬೀಳುತ್ತಿದ್ದರು, ಅಂಗಾತವೇ ಬೀಳುತ್ತಿದ್ದರು, ಬಿದ್ದವರೆಲ್ಲ ಮುಷ್ಟಿ ಎತ್ತಿ ಆಕಾಶ ತಮ್ಮದೆಂದು ಕೂಗುತ್ತಿದ್ದರು. ಮಂಡಿ ತರಚಿದ ಒಬ್ಬಳು ಅಳಲು ಬಾಯಿ ತೆರೆದವಳು, ನೆನಪಾಗಿ, "ಹಾಳಾದ ಅಭ್ಯಾಸ!" ಎಂದು ಕಿರುಚಿ ಮತ್ತೆ ಏಣಿಗೆ ಓಡಿದಳು.

"ಕೇಳ್ತಿದೀರಾ ಕಾಜಿತಾನಿ-ಸಾನ್?" ಎಂದು ನಾಗಿಸಾ ಫೋನನ್ನು ಕಿಟಕಿಯಾಚೆ ಹಿಡಿದಳು. ಕೈ ಸೋಲುವ ತನಕ ಹಿಡಿದೇ ಇದ್ದಳು.