ಮಲ್ಲಿಗೆಗೊಬ್ಬ ಮದುಮಗ

ಲತೀಶನಿಗೆ ಮೂವತ್ತಾರು ದಾಟಿಯೂ ಹೆಣ್ಣು ಸಿಗದಿರುವುದಕ್ಕೆ ಕುದುರೆಗಳೇ ಕಾರಣ ಎಂಬುದು ಅವನ ತಾಯಿ ದೇವಮ್ಮನ ಗಟ್ಟಿ ನಂಬಿಕೆ. ಅದರಲ್ಲಿ ಸತ್ಯ ಇಲ್ಲದಿರಲಿಲ್ಲ. ಹೆಣ್ಣಿನ ಕಡೆಯವರು "ಹುಡುಗ ಎಂತ ಮಾಡುದು?" ಎಂದು ಕೇಳಿದಾಗ "ಕುದುರೆ ನೋಡಿಕೊಳ್ಳುದು" ಎಂದರೆ ಅವರ ಚಾದ ಗ್ಲಾಸು ಬಾಯಿಯ ಹತ್ತಿರವೇ ನಿಂತುಬಿಡುತ್ತದೆ. ರೇಸಿನ ಕುದುರೆಯೋ ಎಂದು ಕೆಲವರು ಸ್ವಲ್ಪ ಆಸೆಯಿಂದ ವಿಚಾರಿಸುವುದೂ ಉಂಟು. ಅಲ್ಲ, ಮುದಿಯಾದವು, ಕುಂಟುವವು, ಯಾರಿಗೂ ಬೇಡದವು ಎಂದು ಲತೀಶ ಬಿಡಿಸಿ ಹೇಳುತ್ತಾನೆ. ಹೇಳದಿದ್ದರೆ ಅವನ ಗಂಟೇನು ಹೋಗುತ್ತಿತ್ತೋ. ಹೀಗೆ ಸತ್ಯ ಹೇಳಿ ಹೇಳಿ ಹದಿನಾಲ್ಕು ಸಂಬಂಧಗಳನ್ನು ಅವನು ಸ್ವಂತ ಬಾಯಿಯಿಂದಲೇ ಕಳೆದುಕೊಂಡಿದ್ದ.

ಹದಿನೈದನೆಯದು ಗುತ್ತಿಗಾರಿನದ್ದು. ಹುಡುಗಿ ಭವಿತಾ, ಹಾಲಿನ ಸೊಸೈಟಿಯಲ್ಲಿ ಕೆಲಸ. ತಂದೆ ಅಚ್ಚುತ. ಮನೆಯವರು ಫೋನಿನಲ್ಲಿ ಒಮ್ಮೆ ಇಬ್ಬರನ್ನೂ ಮಾತಾಡಿಸಿದ್ದರು. ಲತೀಶ ಎಂದಿನಂತೆ ಮುದಿ ಕುದುರೆಗಳ ಪುರಾಣ ಬಿಚ್ಚಿದ. ಇದೂ ಹೋಯಿತು ಎಂದು ಅವನು ಅಂದುಕೊಳ್ಳುವಷ್ಟರಲ್ಲಿ, "ಅವುಗಳಿಗೆ ಹೆಸರುಂಟಾ?" ಎಂದು ಅವಳು ಕೇಳಿದಳು. ಹದಿನಾಲ್ಕು ಮನೆಗಳಲ್ಲಿ ಯಾರೂ ಕೇಳದ ಪ್ರಶ್ನೆ. ಲತೀಶ ಏಳು ಕುದುರೆಗಳ ಹೆಸರನ್ನೂ ಹೇಳಿದ, ಎರಡರ ಸ್ವಭಾವವನ್ನೂ ವಿವರಿಸಿದ, ಫೋನಿಟ್ಟ ಮೇಲೆ ಇಡೀ ದಿನ ಒಬ್ಬನೇ ನಗುತ್ತಿದ್ದ. ಬರುವ ಆದಿತ್ಯವಾರ ಹೆಣ್ಣು ನೋಡಲು ಹೋಗುವುದೆಂದು ನಿಶ್ಚಯವಾಯಿತು. ಈ ಸಲ ಅವನಿಗೆ ನಿಜಕ್ಕೂ ಆಸೆ ಹುಟ್ಟಿತ್ತು.

ಬುಧವಾರ ಬೆಳಿಗ್ಗೆ ಮಲ್ಲಿಗೆ ಮರಿ ಹಾಕಿತು.

ಮಲ್ಲಿಗೆ ಎಂದರೆ ಬಿಳಿ ಹೆಣ್ಣು ಕುದುರೆ. ಕಾಣಿಯೂರಿನಿಂದ ಒಳಗೆ ಗುಡ್ಡದ ಮೇಲೆ ಲತೀಶ ಕೆಲಸ ಮಾಡುವ ಕುದುರೆ ಆಶ್ರಯದ ಯಜಮಾನಿ ನೆಬೀಸಕ್ಕನ ಕಣ್ಮಣಿ. ನೆಬೀಸಕ್ಕನ ಗಂಡ ಮೂಸಕುಂಞಿಯವರಿಗೆ ಮೊದಲು ಶಾಮಿಯಾನದ ವ್ಯಾಪಾರ. ಮದುಮಗ ಕುದುರೆ ಹತ್ತಿ ಬರುವ ಶೋಕಿ ಊರಿನಲ್ಲಿ ಶುರುವಾದಾಗ ಅವರು ಮಲ್ಲಿಗೆಯನ್ನು ತಂದರು. ಜತೆಗೆ ಬಾಡಿಗೆಗೆಂದು ಜರಿಯ ಶೆರ್ವಾನಿಗಳನ್ನೂ ಪೇಟಗಳನ್ನೂ ಹೊಲಿಸಿದರು. ಏಳೆಂಟು ವರ್ಷ ಆ ಶೋಕಿ ಜೋರಿತ್ತು. ಆಮೇಲೆ ಮದುಮಕ್ಕಳಿಗೆ ತೆರೆದ ಜೀಪಿನ ಹುಚ್ಚು ಹಿಡಿಯಿತು, ಮಲ್ಲಿಗೆ ಹಟ್ಟಿಯಲ್ಲಿ ಉಳಿಯಿತು. ಮೂಸಕುಂಞಿಯವರು ತೀರಿಕೊಂಡ ಮೇಲೆ ನೆಬೀಸಕ್ಕ ಶಾಮಿಯಾನ ಮಾರಿದರು, ಕುದುರೆ ಮಾರಲಿಲ್ಲ. ಕೊಳ್ಳಲು ಬಂದವರ ಮುಖ ಅವರಿಗೆ ಹಿಡಿಸಲಿಲ್ಲವಂತೆ. ಒಂದು ಕುದುರೆ ಇರುವಲ್ಲಿಗೆ ಬೇಡದ ಕುದುರೆಗಳೆಲ್ಲ ಬಂದು ಸೇರುತ್ತವೆ. ಸಮುದ್ರದ ದಂಡೆಯಲ್ಲಿ ಸವಾರಿ ಮಾಡಿಸಿ ಸವೆದವು ಬಂದವು. ಸುಬ್ರಹ್ಮಣ್ಯದ ರಸ್ತೆಯಲ್ಲಿ ಯಾರೋ ಬಿಟ್ಟುಹೋದ ಒಂದು ಒಕ್ಕಣ್ಣಿನ ಗಂಡು ಕುದುರೆಯೂ ಬಂತು. ನಡೆದರೆ ಮೈಯೆಲ್ಲ ಕಟಕಟ ಎನ್ನುವ ಆ ಮುದುಕನನ್ನು ಬೇರೆ ಕಟ್ಟುವ ಅಗತ್ಯವಿಲ್ಲ ಎಂದು ತೀರ್ಪು ಕೊಟ್ಟವನು ಲತೀಶನೇ. ಅದರ ಫಲ ಈಗ ಕಂಬಳಿಯ ಮೇಲೆ ಬಿದ್ದಿತ್ತು, ಅದೂ ತಿಂಗಳು ತುಂಬುವ ಮೊದಲೇ.

ಮರಿಯನ್ನು ಕುದುರೆ ಎಂದು ಹೇಳಲು ಧೈರ್ಯ ಬೇಕಿತ್ತು. ಜೋಲು ಕಿವಿ, ಉಬ್ಬಿದ ಹಣೆ, ರೇಷ್ಮೆಯಂಥ ಕೂದಲು, ನಿಲ್ಲಿಸಿದರೆ ನಾಲ್ಕೂ ಕಾಲು ನಾಲ್ಕು ಕಡೆಗೆ. ಲತೀಶ ಅದನ್ನು ಎತ್ತಿಕೊಂಡ. ಅದು ಅವನ ಅಂಗಿಯ ಗುಂಡಿಯನ್ನು ಬಾಯಿಗೆ ಹಾಕಿ ಚೀಪಲು ನೋಡಿತು, ಚೀಪಲೂ ತಾಕತ್ತಿಲ್ಲದೆ ಬಿಟ್ಟಿತು. ಅವನು ಕಂಬಳಿಯ ತುದಿಯನ್ನು ಅದಕ್ಕೆ ಸುತ್ತಿದ.

ಸುಳ್ಯದಿಂದ ಬಂದ ಡಾಕ್ಟರು ಯಶಸ್ವಿ ಸಣ್ಣ ಪ್ರಾಯದವಳು, ಮಾತು ಕಡಿಮೆ. ಮರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದಳು, "ಲತೀಶಣ್ಣ, ಇದನ್ನು ಬೆಚ್ಚಗೆ ಇಡ್ಬೇಕು. ತಾಯಿಯ ಗಿಣ್ಣುಹಾಲು ಈಗಲೇ ಹೋಗ್ಬೇಕು. ಆಮೇಲೆ ಗಂಟೆಗೊಮ್ಮೆ ಹಾಲು, ರಾತ್ರಿ ಎರಡು ಗಂಟೆಗೊಮ್ಮೆ ಸಾಕು. ಒಂದು ವಾರ ದಾಟಿಸಿದ್ರೆ ಬದುಕ್ತದೆ. ನಡುವೆ ಎರಡು ಮೂರು ಹೊತ್ತು ತಪ್ಪಿದ್ರೆ ನಾನು ಎಂತ ಹೇಳ್ಲಿಕ್ಕೂ ಆಗುದಿಲ್ಲ."

ಹಾಲು ಇತ್ತು. ಕೊಡುವ ಮನಸ್ಸು ಮಾತ್ರ ಮಲ್ಲಿಗೆಗೆ ಇರಲಿಲ್ಲ. ಮೊದಲ ಹೆರಿಗೆ, ಕೆಚ್ಚಲು ನೋವು, ಮುಟ್ಟಿದರೆ ಕಚಗುಳಿ. ಲತೀಶ ಕೂತ ಕೂಡಲೇ ಒಂದು ಒದ್ದಿತು, ಬಕೆಟ್ಟು ಹೋಗಿ ಹಟ್ಟಿಯ ಹಂಚಿನ ಮೇಲೆ ಕೂತಿತು. ಎರಡನೆಯ ಸಲ ಲತೀಶನೇ ಹೋಗಿ ಹುಲ್ಲಿನ ರಾಶಿಯಲ್ಲಿ ಕೂತ. ಬೆಲ್ಲ ಕೊಟ್ಟರು, ಬಾಳೆಹಣ್ಣು ಕೊಟ್ಟರು, ನೆಬೀಸಕ್ಕ ಬ್ಯಾರಿ ಭಾಷೆಯಲ್ಲಿ ಮುದ್ದು ಮಾಡಿದರು, ಅದೇ ಭಾಷೆಯಲ್ಲಿ ಬೈದರು. ಮಲ್ಲಿಗೆ ಬೆಲ್ಲ ತಿಂದು ಒದ್ದಿತು.

ಪುತ್ತೂರಿನ ಹಿರಿಯ ಡಾಕ್ಟರಿಗೆ ಕಳಿಸೋಣ ಎಂದು ಯಶಸ್ವಿ ಫೋನೆತ್ತಿ ಒಂದು ಫೋಟೊ ತೆಗೆದಳು. ಫ್ಲಾಶು ಮಿಂಚಿತು. ಮಲ್ಲಿಗೆ ಕುಣಿಯುವುದನ್ನು ನಿಲ್ಲಿಸಿ, ಕತ್ತು ಎತ್ತಿ, ಕಿವಿ ನೆಟ್ಟಗೆ ಮಾಡಿ, ಒಂದು ಮುಂಗಾಲನ್ನು ಚೂರು ಮುಂದಿಟ್ಟು ಗೊಂಬೆಯಂತೆ ನಿಂತಿತು. ಎಲ್ಲರೂ ಉಸಿರು ಬಿಗಿಹಿಡಿದರು. ಅಷ್ಟರಲ್ಲಿ ಅದು ಎಡಕ್ಕೆ ತಿರುಗಿ ನೋಡಿತು, ಅಲ್ಲಿ ಇರಬೇಕಾದ್ದೇನೋ ಕಾಣದೆ ಮತ್ತೆ ಕಾಲು ಝಾಡಿಸಿತು.

ನೆಬೀಸಕ್ಕ ತಲೆಗೆ ಕೈ ಹಚ್ಚಿಕೊಂಡರು. "ನಾವೆಂಥ ಬೋದಾಳರು ಮಾರಾಯ. ಫೋಟೊ ಮುಗಿಯುವವರೆಗೆ ಅಲುಗಬಾರ್ದು ಅಂತ ನಮ್ಮವರು ಅವಳಿಗೆ ಕಲಿಸಿದ್ದು. ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತವಳು. ಆದರೆ ಪಕ್ಕದಲ್ಲಿ ಮದುಮಗ ಬೇಕು."

"ಮದುಮಗ ಎಲ್ಲಿಂದ ತರುದು ನೆಬೀಸಕ್ಕ?" ಎಂದ ಲತೀಶ.

ಇಬ್ಬರೂ ಹೆಂಗಸರು ಅವನನ್ನೇ ನೋಡಿದರು.

ಹತ್ತು ನಿಮಿಷದಲ್ಲಿ ಟ್ರಂಕಿನಿಂದ ಕೆನೆ ಬಣ್ಣದ ಶೆರ್ವಾನಿ ಹೊರಬಂತು. ಯಾವುದೋ ಸಪೂರದ ಮದುಮಗನಿಗೆ ಹೊಲಿದದ್ದು, ಲತೀಶ ಉಸಿರೆಳೆದುಕೊಂಡ ಮೇಲೆ ಗುಂಡಿ ಬಿತ್ತು. ಕೆಳಗೆ ಸೆಗಣಿ ಮೆತ್ತಿದ ಲುಂಗಿ, ಮೇಲೆ ಜರಿ, ತಲೆಗೆ ತುರಾಯಿ ಇಟ್ಟ ಗುಲಾಬಿ ಪೇಟ. ಅವನು ಮಲ್ಲಿಗೆಯ ಎಡಕ್ಕೆ ನಿಂತ. ಮಲ್ಲಿಗೆ ತಿರುಗಿ ನೋಡಿತು, ಪೇಟವನ್ನು ಮೂಸಿತು, ಒಂದು ದೊಡ್ಡ ಉಸಿರು ಬಿಟ್ಟು ಮುಖ ಮುಂದಕ್ಕೆ ಮಾಡಿತು. ನೆಬೀಸಕ್ಕ ಒಂದರ ಮೇಲೊಂದು ಫೋಟೊ ಹೊಡೆದರು. ಯಶಸ್ವಿ ಕೂತು ಹಾಲು ಕರೆದಳು. ಹಳದಿ ಗಿಣ್ಣುಹಾಲು ಬಾಟಲಿಗೆ ಬಂತು, ಬಾಟಲಿಯಿಂದ ಮರಿಯ ಹೊಟ್ಟೆಗೆ ಹೋಯಿತು.

ಅಲ್ಲಿಂದ ಹಗಲು ಗಂಟೆಗೊಮ್ಮೆ, ರಾತ್ರಿ ಎರಡು ಗಂಟೆಗೊಮ್ಮೆ ಲತೀಶನ ಮದುವೆ. ಡಾಕ್ಟರು ಹೋದ ಮೇಲೆ ನೆಬೀಸಕ್ಕ ಎದುರಿನಿಂದ ಫೋಟೊ ಹೊಡೆದರು, ಲತೀಶ ಮುಖ ನೇರ ಇಟ್ಟು ಕೈ ಮಾತ್ರ ಹಿಂದಕ್ಕೆ ಚಾಚಿ ಹಾಲು ಕರೆದ. ಮೊದಮೊದಲು ಪ್ರತಿ ಸಲ ಬಿಚ್ಚಿ ಹಾಕುತ್ತಿದ್ದ, ಗುರುವಾರ ಮಧ್ಯಾಹ್ನದಿಂದ ಬಿಚ್ಚುವುದನ್ನೇ ಬಿಟ್ಟ. ಶೆರ್ವಾನಿಯಲ್ಲೇ ಹುಲ್ಲು ಹಾಕಿದ, ಶೆರ್ವಾನಿಯಲ್ಲೇ ಗಂಜಿ ಉಂಡ. ಗೊಬ್ಬರ ಕೇಳಲು ಬಂದ ಒಬ್ಬರು ಅವನನ್ನು ನೋಡಿ ಗೊಬ್ಬರದ ವಿಷಯ ಮರೆತು ವಾಪಸು ಹೋದರು. ಮೊದಲ ಹೆರಿಗೆಯ ಕುದುರೆ, ಒಂದು ಸಲಕ್ಕೆ ಬರುತ್ತಿದ್ದದ್ದು ಒಂದು ಹೊತ್ತಿನ ಹಾಲು ಮಾತ್ರ, ತೆಗೆದಿಡುವಷ್ಟು ಇರಲಿಲ್ಲ. ಶುಕ್ರವಾರ ಮರಿ ನಿಲ್ಲುವ ಲಕ್ಷಣ ತೋರಿಸಿತು. ಲತೀಶ ಒಂದು ಕೈಯಲ್ಲಿ ಅದರ ಹೊಟ್ಟೆ ಎತ್ತಿ, ಇನ್ನೊಂದರಲ್ಲಿ ತಲೆ ಹಿಡಿದು ಕೆಚ್ಚಲಿಗೆ ಒತ್ತಿದ. ಅದು ಹಿಂದಕ್ಕೇ ಜಾರಿತು. ಹೇಗೆ ಮಾಡಿದರೂ ತಾನಾಗಿ ಕುಡಿಯಲು ಕಲಿಯಲಿಲ್ಲ. ಬಾಟಲಿಯಲ್ಲೂ ದಿನದಿನಕ್ಕೆ ಕಡಿಮೆ ಕುಡಿಯತೊಡಗಿತು. ಯಶಸ್ವಿ ಫೋನಿನಲ್ಲಿ ಎರಡು ಸಲ "ಹ್ಞೂಂ" ಎಂದಳು, ಆ ಹ್ಞೂಂ ಅವನಿಗೆ ಹಿತವಾಗಲಿಲ್ಲ.

ನೆಬೀಸಕ್ಕನಿಗೆ ಮಾತ್ರ ಫೋಟೊಗಳು ತುಂಬ ಚಂದ ಬಂದಿದ್ದವು. ಗಂಡನ ಜತೆ ಇಷ್ಟು ವರ್ಷ ಮದುವೆ ಆಲ್ಬಮ್ ನೋಡಿದವರು, ಮದುಮಗನ ಫೋಟೊ ಎಂದರೆ ಎದೆಯಿಂದ ಮೇಲೆ, ಪಕ್ಕದಲ್ಲಿ ಕುದುರೆಯ ಮುಖ, ಇಷ್ಟೇ ಇರಬೇಕೆಂಬುದು ಅವರಿಗೆ ರಕ್ತಗತ. ಲುಂಗಿ, ಬಕೆಟ್ಟು, ಮರಿ, ಡಾಕ್ಟರು ಯಾವುದೂ ಚೌಕಟ್ಟಿನೊಳಗೆ ಬರದ ಹಾಗೆ ಜಾಗ್ರತೆಯಿಂದ ತೆಗೆದಿದ್ದರು. ಅದರಲ್ಲಿ ಒಳ್ಳೆಯದನ್ನು ಆರಿಸಿ, ಗುಲಾಬಿ ಹೂವಿನ ಅಂಚು ಕಟ್ಟಿ, ದಿನಕ್ಕೆ ನಾಲ್ಕರಂತೆ ವಾಟ್ಸಾಪ್ ಸ್ಟೇಟಸಿಗೆ ಹಾಕಿದರು. ಬೈಹುಲ್ಲು ತರುವ ಪಿಕಪ್ಪಿನ ಹಸನಬ್ಬ ಅದನ್ನು ನೋಡಿದ, ನಾಲ್ಕು ಜನರಿಗೆ ಕಳಿಸಿದ. ಕಾಣಿಯೂರಿನಿಂದ ಸುಳ್ಯಕ್ಕೆ ಸುದ್ದಿ ಹೋಗಲು ಬಸ್ಸಿಗಾದರೂ ಹೊತ್ತು ಬೇಕು, ಇದಕ್ಕೆ ಬೇಕಾಗಲಿಲ್ಲ.

ಶನಿವಾರ ಲತೀಶ ತಲೆ ಕೆರೆದುಕೊಂಡ. ಗುತ್ತಿಗಾರಿಗೆ ಹೋಗಿ, ಚಾ ಕುಡಿದು, ಊಟಕ್ಕೆ ಒತ್ತಾಯ ಮಾಡಿಸಿಕೊಂಡು ಬರಲು ನಾಲ್ಕು ಗಂಟೆ ಬೇಕು. ನಾಲ್ಕು ಹೊತ್ತಿನ ಹಾಲು ತಪ್ಪುತ್ತದೆ. ಹಸನಬ್ಬನಿಗೆ ಶೆರ್ವಾನಿ ತೊಡಿಸಿ ನಿಲ್ಲಿಸಿ ನೋಡಿದರು. ಮಲ್ಲಿಗೆ ಅವನನ್ನು ಮೂಸಿ, ಪೇಟವನ್ನು ಹಲ್ಲಿನಲ್ಲಿ ಕಿತ್ತು ದೂರ ಎಸೆದು, ಹಿಂಭಾಗ ತೋರಿಸಿತು.

"ಅವಳಿಗೆ ಬದಲಿ ಮದುಮಗ ಆಗುದಿಲ್ಲ," ಎಂದರು ನೆಬೀಸಕ್ಕ ಹೆಮ್ಮೆಯಿಂದ. "ಮರ್ಯಾದಸ್ತ ಕುದುರೆ."

ಆದಿತ್ಯವಾರ ಬೆಳಿಗ್ಗೆ ದೇವಮ್ಮನ ಫೋನು ಬಂತು. ಕಾರು ಹೇಳಿ ಆಗಿದೆ, ತಾನು ಸೀರೆ ಉಟ್ಟು ಆಗಿದೆ, ಇವನು ಎಲ್ಲಿ ಸತ್ತಿದ್ದಾನೆ.

"ಅವ್ವ, ನಾನು ಬರುದಿಲ್ಲ. ಬಂದ್ರೆ ಮರಿ ಸಾಯ್ತದೆ."

"ನೀನು ಬಾರದಿದ್ರೆ ನಾನು ಸಾಯ್ತೇನೆ."

"ಇಲ್ಲ ಅವ್ವ, ನೀನು ಸಾಯುದಿಲ್ಲ. ಇದು ಸಾಯ್ತದೆ."

ದೇವಮ್ಮ ಫೋನಿಟ್ಟರು. ಲತೀಶ ಹುಲ್ಲಿನ ಕಟ್ಟಿನ ಮೇಲೆ ಕೂತ. ಅಳು ಬರುವ ಹಾಗಾಗಿತ್ತು, ಬರಲಿಲ್ಲ, ನಿದ್ದೆಗೆಟ್ಟ ಕಣ್ಣಲ್ಲಿ ನೀರೂ ಇರಲಿಲ್ಲ. ಕುದುರೆಗಳ ಹೆಸರು ಕೇಳಿದವಳಿಗೆ ತಾನೇ ಹೇಳುವುದು ಮರ್ಯಾದೆ ಎಂದು ಅಚ್ಚುತನಿಗೆ ಫೋನು ಮಾಡಿದ. ಇವತ್ತು ಬರಲಿಕ್ಕಾಗುವುದಿಲ್ಲ ಎಂದು ಶುರುಮಾಡಿದನೋ ಇಲ್ಲವೋ, ಆಚೆಯಿಂದ ಅಚ್ಚುತ, "ಬರುದು ಎಂತಕ್ಕೆ ಮಾರಾಯ್ರೆ? ಮೂರು ದಿನದಿಂದ ನಿಮ್ಮ ಮದುವೆ ನೋಡ್ತಾ ಇದ್ದೇವೆ. ಸೊಸೈಟಿಯ ಗ್ರೂಪಿಗೆಲ್ಲ ಬಂದುಂಟು. ಪೇಟ ಚಂದ ಉಂಟು," ಎಂದು ಹೇಳಿ ಕಟ್ ಮಾಡಿದರು.

ಆಮೇಲೆ ಮಾಡಿದ ಮೂರು ಫೋನೂ ಅವರು ಎತ್ತಲಿಲ್ಲ. ಹದಿನಾಲ್ಕು ಸಂಬಂಧ ಸತ್ಯ ಹೇಳಿ ಹೋಗಿತ್ತು, ಇದು ಸತ್ಯ ಹೇಳುವ ಮೊದಲೇ ಹೋಯಿತು. ಮರಿಯ ಹಾಲಿಗೆ ಹೊತ್ತಾಗಿತ್ತು. ಅವನು ಎದ್ದು ಪೇಟ ಕಟ್ಟಿದ.

ಹನ್ನೊಂದು ಗಂಟೆಯ ಹಾಲಿನ ಹೊತ್ತಿಗೆ ಗುಡ್ಡ ಹತ್ತಿ ಒಂದು ಜೀಪು ಬಂತು. ಇಂಥವನ ಮುಖ ನೋಡಿ ಎರಡು ಮಾತು ಹೇಳದಿದ್ದರೆ ಊಟ ಸೇರದು ಎಂದು ಅಚ್ಚುತ ಹೊರಟಿದ್ದರು. ಜೀಪು ಓಡಿಸಿದವಳು ಭವಿತಾ. ಬಯ್ಯಲು ಬೇಕಾದ ಮುಖವನ್ನೆಲ್ಲ ಸಿದ್ಧ ಮಾಡಿಕೊಂಡು ಹಟ್ಟಿಯ ಹತ್ತಿರ ಬಂದ ಅಚ್ಚುತನಿಗೆ, ಪೇಟ ತೊಟ್ಟ ಮದುಮಗನೂ ಎದುರಿಗೆ ಫೋಟೊ ತೆಗೆಯುವ ಹೆಂಗಸೂ ಕಂಡರು.

"ಇನ್ನೂ ಮುಗಿಲಿಲ್ವಾ?" ಎಂದರು ಅಚ್ಚುತ. "ಮದುಮಗಳು ಎಲ್ಲಿ?"

"ಅಲ್ಲೇ ನಿಂತಿದ್ದಾಳಲ್ಲ, ಬಿಳಿ," ಎಂದರು ನೆಬೀಸಕ್ಕ, ಫೋನಿನಿಂದ ಕಣ್ಣು ತೆಗೆಯದೆ.

ಲತೀಶ ತಿರುಗುವ ಹಾಗಿರಲಿಲ್ಲ. ತಿರುಗಿದರೆ ಮಲ್ಲಿಗೆ ಕದಲುತ್ತಿತ್ತು. ಒಂದು ಕೈಯಲ್ಲಿ ಮರಿಯ ತಲೆಯನ್ನು ಕೆಚ್ಚಲಿಗೆ ಒತ್ತಿ, ಮುಖ ನೇರ ಇಟ್ಟು, ತುಟಿ ಅಲುಗಿಸದೆ, "ಅಚ್ಚುತಣ್ಣ, ಸ್ವಲ್ಪ ಮೆಲ್ಲ ಮಾತಾಡಿ," ಎಂದ. "ನಾನು ಮದುವೆ ಆಗ್ಲಿಲ್ಲ. ಇದಕ್ಕೆ ಹಾಲು ಕುಡಿಸುದು. ತಿಂಗಳು ತುಂಬುವ ಮೊದಲೇ ಹುಟ್ಟಿದ್ದು. ನಾಲ್ಕು ದಿನದಿಂದ ತಾನಾಗಿ ಕುಡಿಯುದಿಲ್ಲ. ಈಗ ಬಾಟಲಿ ಸಹ ಬೇಡ ಹೇಳ್ತದೆ."

ಅಚ್ಚುತ ಬಗ್ಗಿ ನೋಡಿದರು. ಹೂವಿನ ಅಂಚಿನ ಆಚೆ ಉಳಿದುಹೋಗಿದ್ದ ಲುಂಗಿ, ಬಕೆಟ್ಟು, ಲುಂಗಿಗೆ ಒರಗಿ ನಡುಗುತ್ತಿದ್ದ ಮರಿ ಎಲ್ಲ ಈಗ ಅವರಿಗೆ ಕಂಡವು. ಎರಡು ಮಾತು ಹೇಳಲು ಬಂದವರು ಬಕೆಟ್ಟನ್ನು ಮರಿಯ ಕಾಲಿಗೆ ಸಿಗದ ಹಾಗೆ ಪಕ್ಕಕ್ಕೆ ಸರಿಸಿದರು.

ಭವಿತಾ ಲತೀಶನ ಕಡೆ ನೋಡಲೇ ಇಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಮರಿಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. "ತಲೆ ಹಿಡಿದದ್ದು ಎಂತಕ್ಕೆ? ಬಿಡಿ ಅದನ್ನು. ಕರುವೂ ಹೀಗೇ, ತಲೆ ಒತ್ತಿದರೆ ಹಿಂದೆ ಬರ್ತದೆ."

ಲತೀಶ ತಲೆ ಬಿಟ್ಟ. ಅವಳು ಮರಿಯ ಬಾಲದ ಬುಡದಲ್ಲಿ ಉಗುರಿನಿಂದ ಮೆಲ್ಲಗೆ ಕೆರೆದಳು. ಮರಿಯ ಜೋಲು ಕಿವಿ ನಿಮಿರಿತು. ಇನ್ನೊಮ್ಮೆ ಕೆರೆದಳು. ಅದು ಬಾಲ ಕುಣಿಸಿ, ನಾಲ್ಕು ಕಾಲನ್ನೂ ಹೇಗೋ ಒಟ್ಟು ಮಾಡಿಕೊಂಡು, ಮುಂದಕ್ಕೆ ನುಗ್ಗಿ ತಾಯಿಯ ತೊಡೆಗೆ ಮೂತಿ ಕುಟ್ಟಿತು. ಅಲ್ಲಿ ಇಲ್ಲ. ಹೊಟ್ಟೆಗೆ ಕುಟ್ಟಿತು. ಅಲ್ಲೂ ಇಲ್ಲ. ಮೂರನೆಯ ಸಲ ಸಿಕ್ಕಿತು. ಚಪ್ಪರಿಸುವ ಸದ್ದು ಜೀಪಿನವರೆಗೆ ಕೇಳುವಷ್ಟು ಜೋರಾಗಿ ಬಂತು.

ಮಲ್ಲಿಗೆ ಒದೆಯಲಿಲ್ಲ. ಮುಖವನ್ನು ಕ್ಯಾಮೆರಾದಿಂದ ತೆಗೆದು ಹಿಂದಕ್ಕೆ ತಿರುಗಿಸಿ, ಮರಿಯ ಬೆನ್ನನ್ನು ಮೂಸಿತು, ಒಮ್ಮೆ ನೆಕ್ಕಿತು. ನೆಬೀಸಕ್ಕ ಫೋನು ಕೆಳಗಿಳಿಸಿದರು. ಆದರೂ ಮಲ್ಲಿಗೆ ಕದಲಲಿಲ್ಲ. ಲತೀಶ ಒಂದು ಹೆಜ್ಜೆ ಹಿಂದೆ ಸರಿದ, ಇನ್ನೊಂದು ಸರಿದ. ಅದು ಅವನತ್ತ ನೋಡಲೂ ಇಲ್ಲ. ನಾಲ್ಕು ದಿನ ಪಕ್ಕದಲ್ಲಿ ನಿಂತ ಮದುಮಗ ಇನ್ನು ಅದಕ್ಕೆ ಬೇಕಾಗಿರಲಿಲ್ಲ. ಲತೀಶನಿಗೆ ಈಗ ಅಳು ಬಂತು, ಅವನು ನಾಚಿಕೆ ಇಲ್ಲದೆ ಅತ್ತ, ಶೆರ್ವಾನಿಯ ತೋಳಿನಲ್ಲೇ ಮೂಗು ಒರೆಸಿದ. ಅಚ್ಚುತ ಕನ್ನಡಕ ತೆಗೆದು ಒರೆಸಿಕೊಂಡು, ಸ್ವಂತ ಫೋನು ಹೊರತೆಗೆದು ಮರಿಯ ಫೋಟೊ ಹೊಡೆಯತೊಡಗಿದರು.

ಆಗಲೇ ಲತೀಶನಿಗೆ ತನ್ನ ಅವತಾರ ನೆನಪಾದದ್ದು. ಕಂಕುಳಲ್ಲಿ ಹರಿದ ಜರಿ, ಎದೆಯ ಮೇಲೆ ಒಣಗಿದ ಹಾಲು, ಹಣೆಯ ಮೇಲೆ ವಾಲಿದ ತುರಾಯಿ. ಹೆಣ್ಣು ನೋಡಲು ಹೋಗುವ ಗಂಡಿನ ವೇಷವೇ ಇದು? ಅವನು ಅವಸರದಲ್ಲಿ ಪೇಟಕ್ಕೆ ಕೈ ಹಾಕಿದ.

"ಅದು ಇರಲಿ," ಎಂದಳು ಭವಿತಾ, ಮರಿಯ ಬೆನ್ನು ಕೆರೆಯುತ್ತಲೇ. ಆಮೇಲೆ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. "ನೋಡ್ಲಿಕ್ಕೆ ಬಂದದ್ದು ನಾನಲ್ವಾ? ಸರಿಯಾಗಿ ನೋಡಿ ಆಗ್ಲಿಲ್ಲ."

ಲತೀಶ ಕೈ ಇಳಿಸಿ, ಅಲುಗದೆ ನಿಂತ.